ಕಾಲೋನಿಯ ಜಲ್ಲಿಹಾದಿ

ಬೋರಮ್ಮ ಇಪ್ಪತ್ತು ವರ್ಷ ಜಲ್ಲಿ ಒಡೆದವಳು. ತೀರಿಹೋದ ಅಕ್ಕನ ಮಗ ಪುಟ್ಟರಾಜುವನ್ನು ಆ ಕೂಲಿಯಲ್ಲೇ ಸಾಕಿ ಎಂಜಿನಿಯರಿಂಗ್ ಓದಿಸಿದ್ದಳು. ೧೯೯೯ರ ಬೇಸಿಗೆಯಲ್ಲಿ ಹಳೇಬೀಡು ರಸ್ತೆಯಿಂದ ಅವರ ಕಾಲೋನಿಗೆ ಜಲ್ಲಿಹಾದಿ ಮಂಜೂರಾದಾಗ, ಕೆಲಸ ನೋಡಿಕೊಳ್ಳಲು ಅರಸೀಕೆರೆಯಿಂದ ಸರ್ಕಾರಿ ಎಂಜಿನಿಯರಾಗಿ ಬಂದವನು ಅವನೇ. ಹೆಂಗಸರು ಆರತಿ ಎತ್ತಿದರು.

ಮೂರನೆಯ ದಿನಕ್ಕೇ ಬೋರಮ್ಮನಿಗೆ ಕಸಿವಿಸಿ ಶುರುವಾಯಿತು. ಕಂಟ್ರಾಕ್ಟರನ ಆಳುಗಳು ಒಣ ನೆಲದ ಮೇಲೆ ಜಲ್ಲಿ ಸುರಿದು, ಮೇಲಷ್ಟು ಕಲ್ಲುಪುಡಿ ಎರಚಿ ಮುಂದೆ ಹೋಗುತ್ತಿದ್ದರು.

"ಪುಡಿಗೆ ನೀರು ಕುಡಿಸಿ ರೋಲರ್ ಹೊಡೀಬೇಕು ಕಣೋ. ನಡು ಉಬ್ಬಿಸಿ, ಪಕ್ಕದಾಗೆ ಚರಂಡಿ ತೆಗೀಬೇಕು. ಇಲ್ದಿದ್ರೆ ಒಂದು ಮಳೆಗೂ ನಿಲ್ಲಾಕಿಲ್ಲ."

ಪುಟ್ಟರಾಜು ಸುತ್ತ ಯಾರಿದ್ದಾರೆಂದು ನೋಡಿ ದನಿ ತಗ್ಗಿಸಿದ. "ಸೋಮವಾರ ಶಾಸಕರು ಬತ್ತಾರೆ ಚಿಕ್ಕವ್ವ. ಟೈಮಿಲ್ಲ. ನೀನು ಸುಮ್ಕಿರು."

ಸೋಮವಾರ ಟೇಪು ಕತ್ತರಿಸಿದ್ದಾಯಿತು. ಬೇಸಿಗೆಯುದ್ದಕ್ಕೂ, ಒಂದು ಸ್ಕೂಟರ್ ಹಾದರೂ ಪುಡಿ ಎದ್ದು ಅಂಗಳದ ರಾಗಿಯ ಮೇಲೆ ಕೂರುತ್ತಿತ್ತು. ಮುಂಗಾರಿನ ಜಿನುಗಿಗೆ ಧೂಳಡಗಿ, ಹಾದಿ ಗಟ್ಟಿಯಾದಂತೆ ಕಂಡಿತು. "ಏನ್ ಬೋರಮ್ಮ, ನಿನ್ ಮಾತು ಸುಳ್ಳಾಯ್ತಲ್ಲ" ಎಂದು ಜನ ನಕ್ಕರು. ಅಕ್ಟೋಬರಿನ ಜಡಿಮಳೆ ಒಂದೇ ಮಧ್ಯಾಹ್ನದಲ್ಲಿ ಪುಡಿಯನ್ನೆಲ್ಲ ತಗ್ಗಿನ ಹೊಲಕ್ಕೆ ಇಳಿಸಿತು. ಉಳಿದದ್ದು ಕಾಲಡಿ ಉರುಳುವ ಬರೀ ಕಲ್ಲು. ಮರುದಿನ ನೀರಿನ ಕೊಡ ಹೊತ್ತು ಬರುತ್ತಿದ್ದ ಬೋರಮ್ಮ ಅದರ ಮೇಲೇ ಜಾರಿಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು.

ಪುಟ್ಟರಾಜು ಕಿತ್ತಳೆ ಹಿಡಿದು ಆಸ್ಪತ್ರೆಗೆ ಬಂದ.

"ಹಿಂಗಾಯ್ತದೆ ಅಂತ ನಿಂಗೆ ಗೊತ್ತಿರ್ನಿಲ್ವೇನೋ?" ಎಂದಳು ಬೋರಮ್ಮ.

ಅವನು ಸಿಪ್ಪೆ ಬಿಡಿಸುತ್ತಲೇ ಇದ್ದ. "ಗೊತ್ತಿತ್ತು."

"ಮತ್ತೆ?"

"ಬೇಡ ಅಂದಿದ್ರೆ ನನ್ನ ಎಲ್ಲಿಗೋ ಎತ್ತಿ ಹಾಕ್ತಿದ್ರು. ಅತಿವೃಷ್ಟಿಗೆ ಕೊಚ್ಕೊಂಡೋಯ್ತು ಅಂತ ರಿಪೋರ್ಟ್ ಬರ್ದಿದೀನಿ. ಬೇಸಿಗೇಲಿ ಮತ್ತೆ ಮಾಡಿಸ್ತೀವಿ."

"ಅದೇ ಕಂಟ್ರಾಕ್ಟರಾ?"

ಅವನು ತೊಳೆಯೊಂದನ್ನು ಅವಳ ಬಾಯ ಹತ್ತಿರ ಹಿಡಿದ. ಬೋರಮ್ಮ ಗೋಡೆಯ ಕಡೆ ಹೊರಳಿದಳು.

ಕೈ ಮೊದಲಿನಂತಾಗಲಿಲ್ಲ, ಸುತ್ತಿಗೆ ಹಿಡಿಯುವುದು ನಿಂತೇಹೋಯಿತು. ಬೇಸಿಗೆಯಲ್ಲಿ ಜಲ್ಲಿ ಲಾರಿ ಬಂದಾಗ ಅವಳು ಹಾದಿಗೆ ಅಡ್ಡ ನಿಂತು ಕೇಳಿದಳು: "ನೀರಿನ ಟ್ಯಾಂಕರ್ ಎಲ್ಲೈತೆ? ರೋಲರ್ ಎಲ್ಲೈತೆ?"

ಡ್ರೈವರ್ ತಲೆ ಹೊರಹಾಕಿ, ಪಕ್ಕದಲ್ಲಿ ಕೂತಿದ್ದ ಪುಟ್ಟರಾಜುವನ್ನು ಕೇಳಿದ. "ಯಾರ್ ಸಾರ್ ಈಯಮ್ಮ?"

"ಕಾಲೋನಿಯೋರು," ಎಂದ ಪುಟ್ಟರಾಜು, ಕೈಯಲ್ಲಿದ್ದ ಕಾಗದ ನೋಡುತ್ತ. "ಹಾರ್ನ್ ಹೊಡಿ, ಸರೀತಾರೆ."

ಬೋರಮ್ಮ ಹಾರ್ನಿಗೆ ಕಾಯಲಿಲ್ಲ. ಸೆರಗನ್ನು ಎಡಗೈಯಲ್ಲಿ ಎಳೆದುಕೊಂಡು, ತಾನೇ ಪಕ್ಕಕ್ಕೆ ಸರಿದಳು.