ಪಳಗಿದ ಭಾಗಗಳು

ರೇಸ್ ಕಾರಿನ ಒಂದೊಂದು ಭಾಗಕ್ಕೂ ಇಂತಿಷ್ಟು ಕಿಲೋಮೀಟರ್ ಎಂದು ಆಯಸ್ಸು ಗೊತ್ತುಮಾಡಿರುತ್ತಾರೆ. ಅದು ಮುಗಿಯುವ ಮೊದಲೇ ಆ ಭಾಗವನ್ನು ಕಾರಿನಿಂದ ಇಳಿಸಿ ಗುಜರಿಗೆ ಹಾಕಬೇಕು. ಎಷ್ಟು ಓಡಿತು, ಎಷ್ಟು ಉಳಿಯಿತು ಎಂದು ಒಂದೊಂದಕ್ಕೂ ಒಂದೊಂದು ಕಾರ್ಡಿನಲ್ಲಿ ಬರೆದಿಡುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದುದರಿಂದ ವರ್ಕ್‌ಶಾಪಿನಲ್ಲಿ ಅವಳಿಗೆ ಆಯಸ್ಸಿನಕ್ಕ ಎಂದೇ ಹೆಸರು ಬಿದ್ದಿತ್ತು. "ಅಕ್ಕಾ, ನನ್ನದಿನ್ನೆಷ್ಟು ಉಳಿದಿದೆ ನೋಡಿ ಹೇಳಿ" ಎಂದು ಹೊಸದಾಗಿ ಸೇರಿದ ಪ್ರತಿಯೊಬ್ಬ ಮೆಕ್ಯಾನಿಕ್ಕೂ ಒಂದಲ್ಲ ಒಂದು ದಿನ ಕೇಳುತ್ತಿದ್ದ. "ಕಾರ್ಡ್ ತಂದ್ಕೊಡು, ಬರೀತೀನಿ" ಎಂದು ಅವಳೂ ಬೇಸರವಿಲ್ಲದೆ ಅದೇ ಉತ್ತರ ಕೊಡುತ್ತಿದ್ದಳು.

ಅವರ ತಂಡದಲ್ಲಿ ಎರಡು ಕಾರು. ಒಂದನೆಯದನ್ನು ಓಡಿಸುವವನಿಗೆ ಎಲ್ಲರೂ ದೊರೆ ಎನ್ನುತ್ತಿದ್ದರು, ಅವನೂ ಆ ಹೆಸರಿಗೆ ತಕ್ಕಂತೆ ನಡೆಯುತ್ತಿದ್ದ. ಎರಡನೆಯದನ್ನು ಓಡಿಸುವವನು ಮೂರು ವರ್ಷದ ಹಿಂದೆ ಬಂದವನು. ಮೂರರಲ್ಲೊಂದು ರೇಸಿನಲ್ಲಿ ಅವನ ಕಾರು ಕೆಟ್ಟು ಹುಲ್ಲಿನ ಮೇಲೆ ನಿಂತುಬಿಡುತ್ತಿತ್ತು. ಬೆನ್ನ ಹಿಂದೆ ಅವನನ್ನು ಅರ್ಧದಾರಿ ಎಂದು ಕರೆಯುತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

ಆ ಮಂಗಳವಾರ ಮ್ಯಾನೇಜರ್ ಸ್ಟೋರ್‌ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ಎರಡೂ ಕಾರಿನ ಹೋಲಿಕೆ ಪಟ್ಟಿಗೆ ಒಂದು ಸಹಿ ಬೇಕು" ಎಂದರು.

"ಏನು ವಿಷಯ ಸರ್?"

"ಮುಂದಿನ ವರ್ಷಕ್ಕೆ ಎರಡನೇ ಡ್ರೈವರನ್ನ ಬದಲಾಯಿಸೋಣ ಅಂತ. ಶುಕ್ರವಾರ ಅವನಿಗೆ ಪತ್ರ ಕೊಡ್ತೀವಿ. ಪಾಪದವನು, ನನಗೂ ಮನಸ್ಸಿಲ್ಲ. ಆದ್ರೆ ಏನ್ ಮಾಡೋದು? ಬೇರೆ ತಂಡದವರ ಜೊತೆ ಹೋಲಿಸಿದ್ರೆ ನಮ್ಮ ಕಾರು ಬೇರೆ, ಅವರ ಕಾರು ಬೇರೆ ಅನ್ನಬಹುದು. ಇವರಿಬ್ಬರದು ಒಂದೇ ಕಾರು, ಅವೇ ಭಾಗ. ಒಬ್ಬ ಮುಗಿಸ್ತಾನೆ, ಇನ್ನೊಬ್ಬ ಗೇರ್ ಮುರ್ಕೊಂಡು ನಿಲ್ತಾನೆ. ಯಾರ ತಪ್ಪು ಅಂತ ನೀವೇ ಹೇಳಿ."

ಪಟ್ಟಿಯಲ್ಲಿ ಒಂದೊಂದು ಭಾಗದ ಎದುರೂ 'ಆಯಸ್ಸಿನೊಳಗೆ ಇದೆಯೇ?' ಎಂಬ ಕಾಲಂ. ಎರಡೂ ಕಾರಿಗೆ ಮೇಲಿಂದ ಕೆಳಗಿನವರೆಗೂ 'ಹೌದು'. ಅದು ಸುಳ್ಳೇನಲ್ಲ. ಅವಳು ಸಹಿ ಹಾಕಿ ಕೊಟ್ಟಳು.

ಮಧ್ಯಾಹ್ನ ಅರ್ಧದಾರಿಯೇ ಬಂದ. ಹಿಂದಿನ ಭಾನುವಾರ ಮುರಿದಿದ್ದ ಗೇರ್ ಚಕ್ರ ಅವಳ ಮೇಜಿನ ಮೇಲಿತ್ತು, ಮೂರು ಹಲ್ಲು ಹಾರಿಹೋಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತ. ಕಾರು ಕೆಟ್ಟಾಗಲೆಲ್ಲ ಹೀಗೆ ಬಂದು ಕೂರುವುದು ಅವನ ರೂಢಿ.

"ಅಕ್ಕಾ, ಇದಕ್ಕೆ ನಾನೇನು ಮಾಡಿದೆ ಅಂತ ನಿಮಗೇನಾದ್ರೂ ಗೊತ್ತಾಗತ್ತಾ?"

"ನನಗೆ ಕಿಲೋಮೀಟರ್ ಬಿಟ್ರೆ ಏನು ಗೊತ್ತಾಗತ್ತಪ್ಪಾ? ಮೆಕ್ಯಾನಿಕ್ ಮೇಸ್ತ್ರಿನ ಕೇಳು."

"ಕೇಳ್ದೆ. 'ಮೆತ್ತಗೆ ಹಾಕಪ್ಪಾ ಗೇರು, ಅದೇನು ದನದ ಬಾಲ ಅಲ್ಲ ತಿರುಚೋಕೆ' ಅಂದ್ರು. ಒಂದು ವರ್ಷದಿಂದ ಮೆತ್ತಗೇ ಹಾಕ್ತಿದೀನಿ. ಒಂದೊಂದು ಗೇರಿಗೂ ಒಂಚೂರು ಕಾದು ಹಾಕ್ತೀನಿ. ಅದರಿಂದ ಪ್ರತಿ ಸುತ್ತಿಗೂ ದೊರೆಗಿಂತ ಅರೆ ಸೆಕೆಂಡ್ ಹಿಂದೆ ಬೀಳ್ತೀನಿ. ಆದ್ರೂ ಮುರಿಯತ್ತೆ." ಅವನು ನಕ್ಕ. "ನನ್ನ ಕೈಯಲ್ಲೇ ಏನೋ ಇದೆ ಅಕ್ಕಾ."

ಹೋಗುವಾಗ, "ಥ್ಯಾಂಕ್ಸ್ ಅಕ್ಕಾ" ಎಂದ. ಯಾತಕ್ಕೆಂದು ಅವಳಿಗೆ ತಿಳಿಯಲಿಲ್ಲ. ಪತ್ರದ ವಿಷಯ ತನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನ ಮುಖ ನೋಡಲಾರದೆ ಅವಳು ಕಾರ್ಡುಗಳ ಮೇಲೆ ಬಗ್ಗಿದಳು.

ಬುಧವಾರ ಬೇರೊಂದು ಕೆಲಸ ಕಾದಿತ್ತು. ಮುಂದಿನ ವರ್ಷದಿಂದ ಹೊಸ ನಿಯಮ. ಗೇರ್‌ಬಾಕ್ಸು, ಚಕ್ರಕ್ಕೆ ಶಕ್ತಿ ಸಾಗಿಸುವ ಶಾಫ್ಟು, ಇವೆಲ್ಲ ಒಂದು ಕಾರಿಗೆ ಕೂತರೆ ಕೊನೆಯವರೆಗೂ ಅದೇ ಕಾರಿಗೆ ಸೇರಿದ್ದು, ಅಧಿಕಾರಿಗಳು ಮೊಹರು ಹಾಕುತ್ತಾರೆ, ಇನ್ನೊಂದು ಕಾರಿಗೆ ಹಾಕುವಂತಿಲ್ಲ. ಅದಕ್ಕಾಗಿ ಈಗಿರುವ ಒಂದೊಂದು ಭಾಗವೂ ಹುಟ್ಟಿದಾಗಿನಿಂದ ಎಲ್ಲೆಲ್ಲಿ ಓಡಿತು ಎಂದು ಬರೆದುಕೊಡಬೇಕಾಗಿತ್ತು. ಇಷ್ಟು ವರ್ಷ ಅವಳು ಕಾರ್ಡಿನ ಕೊನೆಯ ಸಾಲನ್ನಷ್ಟೇ ನೋಡುತ್ತಿದ್ದಳು, ಎಷ್ಟು ಉಳಿದಿದೆ ಎಂಬ ಸಾಲು. ಈಗ ಮೊದಲ ಸಾಲಿನಿಂದ ಓದಬೇಕಾಯಿತು.

ದೊರೆಯ ಕಾರಿನ ಕಾರ್ಡುಗಳು ಬೇಗ ಮುಗಿದವು. ಎಲ್ಲ ಸೊನ್ನೆಯಿಂದ ಶುರುವಾಗಿ ಸಾವಿರದ ಹತ್ತಿರ ನಿಲ್ಲುತ್ತಿದ್ದವು. ಎರಡನೆಯ ಕಾರಿನವು ಒಂದೂ ಸೊನ್ನೆಯಿಂದ ಶುರುವಾಗುತ್ತಿರಲಿಲ್ಲ. 'ಒಂದನೇ ಕಾರಿನಲ್ಲಿ ೯೮೦ ಕಿ.ಮೀ., ನಂತರ ಎರಡನೇ ಕಾರಿಗೆ.' 'ಒಂದನೇ ಕಾರಿನಲ್ಲಿ ೧೦೧೦ ಕಿ.ಮೀ., ನಂತರ ಎರಡನೇ ಕಾರಿಗೆ.' ಎಲ್ಲ ಅವಳದೇ ಅಕ್ಷರ.

ಇದು ಗುಟ್ಟಿನ ವಿಷಯವೇನಲ್ಲ, ತಂಡದ ಹಳೆಯ ಪದ್ಧತಿ. ಹೊಸ ಭಾಗ ಕೈಕೊಡುವುದಿದ್ದರೆ ಮೊದಲ ನೂರಿನ್ನೂರು ಕಿಲೋಮೀಟರಿನಲ್ಲೇ ಕೈಕೊಡುತ್ತದೆ ಎಂದು ಮೇಸ್ತ್ರಿ ಎಲ್ಲರಿಗೂ ಪಾಠ ಹೇಳಿದ್ದ. ಆದ್ದರಿಂದ ಒಂದನೇ ಕಾರಿನಲ್ಲಿ ಪಳಗಿಸಿ, ಅರ್ಧ ಆಯಸ್ಸು ಕಳೆದ ಮೇಲೆ ಎರಡನೆಯದಕ್ಕೆ. 'ಪಳಗಿದ ಭಾಗ' ಎಂದು ಅದಕ್ಕೊಂದು ಮರ್ಯಾದೆಯ ಹೆಸರೂ ಇತ್ತು. ಎರಡನೆಯವನಿಗೆ ತಾವು ಉಪಕಾರವನ್ನೇ ಮಾಡುತ್ತಿದ್ದೇವೆ ಎಂದು ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು.

ಅವಳು ಎದ್ದು ಹೋಗಿ ಮುರಿದವುಗಳ ಕಾರ್ಡುಗಳಿದ್ದ ಡಬ್ಬಿಯನ್ನು ತಂದಳು. ಮೂರು ವರ್ಷದಲ್ಲಿ ಎರಡನೆಯ ಕಾರಿನಲ್ಲಿ ಮುರಿದ ಗೇರು, ಶಾಫ್ಟು ಒಟ್ಟು ಹದಿನಾಲ್ಕು. ಅವುಗಳನ್ನು ಮೇಜಿನ ಮೇಲೆ ಹರಡಿದಳು. ಒಂದೂ ಸಾವಿರದ ನಾನೂರಕ್ಕಿಂತ ಮೊದಲು ಮುರಿದಿರಲಿಲ್ಲ. ಒಂದೂ ಎರಡು ಸಾವಿರ ದಾಟಿರಲಿಲ್ಲ. ಎರಡು ಸಾವಿರ ಎಂದರೆ ಕಾರ್ಡಿನ ತಲೆಯ ಮೇಲೆ ಬರೆದ ಆಯಸ್ಸು. ಅದನ್ನು ಡಿಸೈನಿನವರು ಲೆಕ್ಕ ಹಾಕಿ ಕೊಟ್ಟಿದ್ದು ಯಾವಾಗ? ಕಾರು ಇನ್ನೂ ಹಗುರವಾಗಿದ್ದಾಗ. ಮೂರು ವರ್ಷದ ಹಿಂದಿನ ನಿಯಮದಿಂದ ಕಾರು ನಲವತ್ತು ಕಿಲೋ ಭಾರವಾಯಿತು, ಟೈರು ಅಗಲವಾಯಿತು. ಅವಳು ಹೊಸ ಕಾರ್ಡು ತರಿಸಿ ಹಳೆಯ ಅಂಕಿಯನ್ನೇ ನಕಲು ಮಾಡಿದ್ದಳು. ಅರ್ಧದಾರಿ ಸೇರಿದ್ದೂ ಅದೇ ವರ್ಷ. ಅವನು ಬಂದ, ಕಾರು ಮುರಿಯತೊಡಗಿತು. ತಪ್ಪು ಅವನದೇ ಎನ್ನಲು ಇನ್ನೇನು ಬೇಕು?

ಸಾವಿರದ ನಾನೂರರ ಆಚೆಗೆ ದೊರೆ ಒಂದು ಸಲವೂ ಓಡಿಸಿರಲಿಲ್ಲ.

ನಿನ್ನೆ ಹಾಕಿದ ಸಹಿ ನೆನಪಾಯಿತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಓರಗಿತ್ತಿ ಅಡುಗೆಮನೆಯ ಕಿಟಕಿಯ ಪಕ್ಕ ಕಾಲು ಚಾಚಿಕೊಂಡು ಬಟಾಣಿ ಸುಲಿಯುತ್ತಿದ್ದಳು. ಆ ಮನೆಯ ದೊಡ್ಡ ಸೊಸೆ ಅವಳು. ಇಪ್ಪತ್ತೆರಡು ವರ್ಷದಿಂದ ಇಬ್ಬರದೂ ಒಂದೇ ಅಡುಗೆಮನೆ.

"ಏನೇ, ಮುಖ ಯಾಕೆ ಹೀಗೆ ಇಳಿಬಿದ್ದಿದೆ? ಯಾರ ಆಯಸ್ಸು ಮುಗೀತು?"

ಅವಳು ಚೀಲವನ್ನೂ ಇಳಿಸದೆ ಕೂತು ಎಲ್ಲ ಹೇಳಿದಳು. ರೇಸ್ ಎಂದರೆ ಸುತ್ತು ಹಾಕಿ ಹಾಕಿ ಹೊರಟಲ್ಲಿಗೇ ಬರುವುದು ಎಂಬುದಕ್ಕಿಂತ ಹೆಚ್ಚು ಓರಗಿತ್ತಿಗೆ ಗೊತ್ತಿರಲಿಲ್ಲ. ಆದರೂ ಅವಳ ಕೈ ನಿಧಾನವಾಯಿತು.

"ತಾಳು ತಾಳು. ಹೊಸದೆಲ್ಲ ಒಬ್ಬನಿಗೆ. ಅವನು ಬಳಸಿ ಬಿಟ್ಟಿದ್ದು ಇನ್ನೊಬ್ಬನಿಗೆ. ಆಮೇಲೆ ಇಬ್ಬರನ್ನೂ ನಿಲ್ಲಿಸಿ, ಒಂದೇ ಕಾರಲ್ವಾ, ನೀನ್ಯಾಕೆ ಅವನ ಹಾಗೆ ಓಡಲ್ಲ ಅಂತ ಕೇಳೋದು. ಅಷ್ಟೇ ತಾನೇ?"

"ಅಷ್ಟೇ ಅಕ್ಕಾ."

"ನಮ್ಮತ್ತೆ ಏನಾದ್ರೂ ನಿಮ್ಮ ತಂಡಕ್ಕೆ ಮ್ಯಾನೇಜರ್ ಆಗಿದ್ರಾ?" ಎಂದು ಓರಗಿತ್ತಿ ಗಟ್ಟಿಯಾಗಿ ನಕ್ಕಳು. ಬಟಾಣಿ ನೆಲದ ಮೇಲೆಲ್ಲ ಉರುಳಿತು.

ಅವಳಿಗೂ ನಗು ಬಂತು. ಆದರೆ ನಗು ಅರ್ಧಕ್ಕೇ ನಿಂತಿತು. ಅತ್ತೆ ತೀರಿಹೋಗಿ ಆರು ವರ್ಷವಾದರೂ ಆ ಮಾತು ಕಿವಿಯಲ್ಲಿತ್ತು: 'ಒಂದೇ ಮನೆ, ಒಂದೇ ಒಲೆ. ಚಿಕ್ಕವಳು ನೋಡು ಹೇಗೆ ನಗನಗ್ತಾ ಇರ್ತಾಳೆ. ದೊಡ್ಡವಳ ಮುಖ ನೋಡು.' ವರ್ಷಕ್ಕೆ ಇಪ್ಪತ್ತು ಶನಿವಾರ ಭಾನುವಾರ ಚಿಕ್ಕವಳು ತಂಡದ ಜೊತೆ ಊರೂರು ಸುತ್ತುತ್ತಿದ್ದಳು. ಸೋಮವಾರ ಅತ್ತೆಗೊಂದು ಶಾಲು ಹಿಡಿದುಕೊಂಡು ನಗುತ್ತಾ ಒಳಗೆ ಬರುತ್ತಿದ್ದಳು. ಆ ಎರಡು ದಿನ ಚಿಕ್ಕವಳ ಮಗಳ ಜ್ವರಕ್ಕೆ ಎದ್ದು ಕೂತಿದ್ದವಳು ದೊಡ್ಡಮ್ಮ. ಶಾಲೆಯ ರಿಪೋರ್ಟಿನಲ್ಲಿ ತಾಯಿಯ ಸಹಿಯ ಜಾಗದಲ್ಲಿ ಇದ್ದದ್ದು ದೊಡ್ಡಮ್ಮನ ಸಹಿ. ಕೊನೆಯ ಎರಡು ವರ್ಷ ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲು ತಿರುಗಿಸಿದ್ದು ಅವಳದೇ ಕೈ. ಆ ಹೋಲಿಕೆಯ ಮಾತು ಬಂದಾಗಲೆಲ್ಲ ಚಿಕ್ಕವಳು ಏನು ಮಾಡುತ್ತಿದ್ದಳು? 'ಹೋಗ್ಲಿ ಬಿಡಿ ಅತ್ತೆ' ಎಂದು ಮೆಲ್ಲಗೆ ನಗುತ್ತಿದ್ದಳು. ನಿಜ ಹೇಳಬೇಕೆಂದರೆ, ಒಳಗೊಳಗೇ ಹಿಗ್ಗುತ್ತಿದ್ದಳು.

"ಸಹಿ ಹಾಕಿಬಿಟ್ಟಿದೀನಿ ಅಕ್ಕಾ" ಎಂದಳು. "ಈಗ ಹೋಗಿ ಹೇಳಿದ್ರೆ, ಮೂರು ವರ್ಷ ಏನ್ ಮಾಡ್ತಿದ್ದೆ ಅಂತ ಕೇಳ್ತಾರೆ. ಮೇಸ್ತ್ರಿ ಅಂತೂ ನನ್ನ ಮುಖ ನೋಡಲ್ಲ."

ಓರಗಿತ್ತಿ ಮಂಡಿ ಹಿಡಿದುಕೊಂಡು ಬಗ್ಗಿ ಒಂದೊಂದೇ ಬಟಾಣಿ ಆರಿಸತೊಡಗಿದಳು. "ಕೇಳಿದ್ರೆ ಕೇಳ್ಲಿ, ಏನೀಗ? ನೋಡು, ನನ್ನ ಪರವಾಗಿ ಆವತ್ತು ಯಾರೂ ಒಂದು ಮಾತಾಡ್ಲಿಲ್ಲ ಅಂತ ನಾನೇನು ಕೊರಗ್ತಾ ಕೂತಿಲ್ಲ. ನನಗೆ ಅಷ್ಟು ಪುರುಸೊತ್ತೂ ಇರ್ಲಿಲ್ಲ. ಆದ್ರೆ ಯಾರಾದ್ರೂ ಆಡಿದ್ರೆ ಚೆನ್ನಾಗಿರ್ತಿತ್ತು ಕಣೇ." ತಲೆ ಎತ್ತದೆಯೇ ಸೇರಿಸಿದಳು, "ಹೋಗಿ ಹೇಳು. ಈಗ ಆ ಕಡೆ ಉರುಳಿದ್ದನ್ನ ಆರಿಸು, ನನ್ನ ಕೈ ಎಟಕಲ್ಲ."

ಅವಳು ನೆಲದ ಮೇಲೆ ಕೂತು ಆರಿಸಿದಳು. ಅತ್ತೆಯೆದುರು ಆಡದೆ ಉಳಿದ ಮಾತನ್ನು ಈಗಲಾದರೂ ಆಡಬೇಕೆಂದುಕೊಂಡವಳು, ಆರಿಸಿದ ಬಟಾಣಿಯನ್ನು ಬಟ್ಟಲಿಗೆ ಸುರಿದು ಎದ್ದಳು.

ಗುರುವಾರ ಬೆಳಿಗ್ಗೆ ಹದಿನಾಲ್ಕು ಕಾರ್ಡುಗಳನ್ನು ಮ್ಯಾನೇಜರ ಮೇಜಿನ ಮೇಲೆ ಕಿಲೋಮೀಟರಿನ ಪ್ರಕಾರ ಸಾಲಾಗಿ ಜೋಡಿಸಿದಳು. ಮೇಸ್ತ್ರಿಯನ್ನೂ ಕರೆಸಿದ್ದರು. ಅವನು ಕೈಕಟ್ಟಿಕೊಂಡು ಬಾಗಿಲಿಗೊರಗಿ ನಿಂತಿದ್ದ.

"ಏನಮ್ಮಾ ಇದು, ಇಸ್ಪೀಟು ಆಡೋಣ ಅಂತ ಕರೆದ್ಯಾ?"

"ನೋಡು ಮೇಸ್ತ್ರಿ. ಸಾವಿರದ ನಾನೂರರ ಕೆಳಗೆ ಒಂದಾದ್ರೂ ಇದೆಯಾ?"

"ಪಳಗಿಸಿ ಕೊಡೋದು ಅವನ ಒಳ್ಳೇದಕ್ಕೇ! ಈ ಪದ್ಧತಿ ನಿನ್ನೆ ಮೊನ್ನೇದಲ್ಲ."

"ಪದ್ಧತಿ ತಪ್ಪು ಅಂತ ನಾನು ಹೇಳ್ತಿಲ್ಲ. ಕಾರು ಹಗುರ ಇದ್ದಾಗ ಸರಿಯಾಗೇ ಇತ್ತು. ಭಾರ ಆದ್ಮೇಲೆ ಆಯಸ್ಸು ಕಮ್ಮಿ ಆಗಿದೆ, ಅದು ನಮಗೆ ಕಾಣಿಸಲೇ ಇಲ್ಲ. ಯಾಕಂದ್ರೆ ಆ ಕೊನೇ ಕಿಲೋಮೀಟರುಗಳನ್ನ ಓಡಿಸಿದವನು ಅವನೊಬ್ಬನೇ." ಅವಳು ಮ್ಯಾನೇಜರ ಕಡೆ ತಿರುಗಿದಳು. "ಸರ್, ಹಳೇ ಅಂಕಿಯನ್ನ ಹೊಸ ಕಾರ್ಡಿಗೆ ನಕಲು ಮಾಡಿದ್ದು ನಾನು. ಡಿಸೈನಿನವರನ್ನ ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಮಂಗಳವಾರ ಹಾಕಿದ ಸಹಿ ವಾಪಸ್ ತಗೊಳ್ತೀನಿ. ಅದು ಒಂದೇ ಕಾರು ಅಲ್ಲ."

ಮೇಸ್ತ್ರಿ ಬಾಗಿಲು ಬಿಟ್ಟು ಮೇಜಿನ ಹತ್ತಿರ ಬಂದ. ಕನ್ನಡಕ ಹಣೆಗೇರಿಸಿ, ಒಂದೊಂದೇ ಕಾರ್ಡನ್ನು ಕಣ್ಣಿಗೆ ಹಿಡಿದು ನೋಡಿದ. ಹದಿನಾಲ್ಕನ್ನೂ ನೋಡಿದ. ಬೈಗುಳಕ್ಕೆ ಅವಳು ಸಿದ್ಧಳಾಗಿ ನಿಂತಳು.

"ನೀನು ಕೇಳಬೇಕಿತ್ತು ಅಂತೀಯಲ್ಲ" ಎಂದ ಅವನು, ಕೊನೆಯದನ್ನು ಕೆಳಗಿಡುತ್ತಾ. "ಮುರಿದಿದ್ದನ್ನ ಹದಿನಾಲ್ಕು ಸಲ ಕೈಯಾರೆ ಬಿಚ್ಚಿದೋನು ನಾನು. ನನಗೇನಾಗಿತ್ತು? ಆ ಹುಡುಗನಿಗೆ ದನದ ಬಾಲ ಅಂತ ಬೇರೆ ಬೈದೆ." ಆಮೇಲೆ ಮ್ಯಾನೇಜರಿಗೆ, "ಸರ್, ಈ ಭಾನುವಾರದ ಕೊನೇ ರೇಸಿಗೆ ಎರಡೂ ಕಾರಿಗೆ ಸೊನ್ನೆಯಿಂದ ಹಾಕ್ತೀನಿ. ಆಮೇಲೆ ಹೋಲಿಸಿ ನೋಡಿ" ಎಂದ.

ಅವಳ ಕಣ್ಣು ತುಂಬಿತು. ಇಷ್ಟು ವರ್ಷದ ಜೊತೆ ಕೆಲಸದಲ್ಲಿ ಈ ಮನುಷ್ಯನ ದೊಡ್ಡತನ ಇಷ್ಟು ಹತ್ತಿರದಿಂದ ಅವಳಿಗೆ ಕಂಡಿರಲಿಲ್ಲ.

ಮ್ಯಾನೇಜರ್ ಪತ್ರವನ್ನು ಹರಿಯಲಿಲ್ಲ, ಡ್ರಾಯರಿನೊಳಗೆ ಹಾಕಿದರು. "ಭಾನುವಾರದವರೆಗೆ ಇರ್ಲಿ" ಎಂದರು.

ಅರ್ಧದಾರಿಗೆ ಅವರು ಎಲ್ಲವನ್ನೂ ಹೇಳಿದರು. ಮೇಸ್ತ್ರಿ ಬಂದು, "ಇನ್ಮೇಲೆ ನಿನಗೆ ಹೇಗೆ ಬೇಕೋ ಹಾಗೆ ಹಾಕು ಗೇರು, ತಿರುಚು ಬೇಕಾದ್ರೆ" ಎಂದು ಬೆನ್ನು ತಟ್ಟಿಹೋದ. ಅದೇ ಅವನ ಕ್ಷಮಾಪಣೆ.

ಭಾನುವಾರ ಅವಳು ಕಾರು ನಿಲ್ಲಿಸಿ ಸರಿಪಡಿಸುವ ಪಿಟ್ಟಿನ ಹಿಂಬದಿಯ ಸ್ಟೂಲಿನ ಮೇಲೆ ಕೂತು ಸುತ್ತು ಎಣಿಸಿದಳು. ಕೊನೆಯ ಸುತ್ತು ಮುಗಿಸಿ ದೊರೆ ನಾಲ್ಕನೆಯವನಾಗಿ ಬಂದ. ಅವಳು ತಿರುವಿನ ಕಡೆ ನೋಡಿದಳು. ಹನ್ನೊಂದು ಸೆಕೆಂಡಿನ ಮೇಲೆ ಎರಡನೆಯ ಕಾರು ಬಂತು, ಆರನೆಯದಾಗಿ. ಮೇಸ್ತ್ರಿ ಟೋಪಿಯನ್ನು ಗೋಡೆಗೆ ಎಸೆದು ಅದನ್ನೇ ಮತ್ತೆ ಹುಡುಕಿಕೊಂಡು ಹೋದ.

"ಹನ್ನೊಂದು ಸೆಕೆಂಡು" ಎಂದರು ಮ್ಯಾನೇಜರ್, ಪಕ್ಕಕ್ಕೆ ಬಂದು. "ಮುಂದಿನ ವರ್ಷಕ್ಕೆ ಅವನೇ ಇರ್ಲಿ ಮೇಡಂ. ಕಾರ್ಡಿನ ಆಯಸ್ಸು ಮಾತ್ರ ಹೊಸದಾಗಿ ಬರೆಸಿ."

ಹೆಲ್ಮೆಟ್ ತೆಗೆದು, ಒದ್ದೆ ಕೂದಲಿನಲ್ಲೇ ಅವನು ನೇರ ಅವಳ ಹತ್ತಿರ ಬಂದ. "ದೊರೆ ನನಗಿಂತ ಜೋರು ಅಕ್ಕಾ" ಎಂದ. ಮುಖ ಅರಳಿತ್ತು. "ಎಷ್ಟು ಜೋರು ಅಂತ ಇವತ್ತು ಗೊತ್ತಾಯ್ತು. ಮೂರು ವರ್ಷ ಅದೇ ನನಗೆ ಗೊತ್ತಿರ್ಲಿಲ್ಲ. ಥ್ಯಾಂಕ್ಸ್."

"ನನಗಲ್ಲಪ್ಪಾ ಹೇಳಬೇಕಾದ್ದು. ಇದನ್ನ ಹೋಗಿ ಹೇಳು ಅಂದವರು ಮನೇಲಿದ್ದಾರೆ."

"ಹಾಗಾದ್ರೆ ನನ್ನ ಪರವಾಗಿ ಅವರಿಗೇ ಹೇಳಿ."

ಅವಳು ಪಿಟ್ಟಿನಿಂದ ಆಚೆ, ಟೈರು ಪೇರಿಸಿದ್ದ ಗೋಡೆಯ ಮರೆಗೆ ಹೋಗಿ ಮನೆಗೆ ಫೋನ್ ಮಾಡಿದಳು.

"ನೋಡ್ದೆ ನೋಡ್ದೆ!" ಓರಗಿತ್ತಿ ಹಲೋ ಕೂಡ ಅನ್ನಲಿಲ್ಲ. "ಟಿವೀಲಿ ಒಂದೂ ಅರ್ಥ ಆಗ್ಲಿಲ್ಲ, ಎಲ್ಲಾ ಒಂದೇ ಥರ ಕಾಣತ್ತೆ. ನಿನ್ನ ಮಗಳು ತೋರಿಸಿದ್ಲು ಯಾವುದು ಅಂತ. ಬಂದು ಸೇರ್ತಲ್ಲಾ, ಪುಣ್ಯಾತ್ಮ!"

"ಅವನು ನಿಮಗೆ ಥ್ಯಾಂಕ್ಸ್ ಹೇಳು ಅಂದ ಅಕ್ಕಾ."

"ನನಗ್ಯಾಕೆ? ಒಳ್ಳೇ ಕಥೆ."

"ಅಕ್ಕಾ, ಅವನದಾಯ್ತು. ನಾನೂ ಒಂದು ಹೇಳೋದಿದೆ. ಇಪ್ಪತ್ತೆರಡು ವರ್ಷದ್ದು. ಮೊನ್ನೆ ಬಟಾಣಿ ಆರಿಸ್ತಾ ಹೇಳಬೇಕು ಅನ್ಕೊಂಡೆ, ಬಾಯಿ ಬರ್ಲಿಲ್ಲ."

ಆ ಕಡೆ ಕುಕ್ಕರ್ ಕೂಗಿತು.

"ಉದ್ದದ್ದಾ?" ಎಂದಳು ಓರಗಿತ್ತಿ. ದನಿ ಮೆತ್ತಗಾಗಿತ್ತು.

"ಉದ್ದದ್ದೇ."

"ಹಾಗಾದ್ರೆ ತಾಳು, ಸ್ಟವ್ ಆರಿಸಿ ಬರ್ತೀನಿ."

ಮಂಡಿನೋವಿನ ಹೆಜ್ಜೆ ಒಂದೊಂದಾಗಿ ಅಡುಗೆಮನೆಯ ಕಡೆ ಹೋದದ್ದು ಕೇಳಿಸಿತು. ಕುಕ್ಕರಿನ ಸದ್ದು ನಿಂತಿತು. ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಹ್ಞೂಂ" ಎಂದಳು ಓರಗಿತ್ತಿ. "ಕೂತಿದೀನಿ. ಈಗ ಹೇಳು."