ಎಡಕ್ಕೆ ಬೀಳುವ ವಿಮಾನ

ಮಾವ ಹತ್ತೊಂಬತ್ತನೇ ಸಲ ನೆಲಕ್ಕಪ್ಪಳಿಸಿದ್ದು ಒಂದು ಭಾನುವಾರ ಮಧ್ಯಾಹ್ನ, ಊಟದ ತಟ್ಟೆಗಳನ್ನು ಸೊಸೆ ಒರೆಸಿಡುತ್ತಿದ್ದ ಹೊತ್ತಿಗೆ. ಒಳಕೋಣೆಯಿಂದ ಇಂಜಿನ್ನಿನ ಮೊರೆತ ಕೇಳುತ್ತಿತ್ತು. ನಡುವೆ ಒಂದು ವಿಷಲ್, ಆಮೇಲೆ ಗುಂಡಿನ ಸುರಿಮಳೆ, ಕೊನೆಗೆ ಧಡಾರ್. ಅದರ ಬೆನ್ನಿಗೇ ಕಂಪ್ಯೂಟರಿನ ಸ್ಪೀಕರಿನಲ್ಲಿ ಮಾವನ ಹಳೇ ಬಸ್ಸಿನ ಕಂಡಕ್ಟರ್ ದನಿ:

“ಕೊನೇ ಸ್ಟಾಪು! ಎಲ್ಲ ಇಳೀರಿ, ಇಳೀರಿ! ಡ್ರೈವರ್ ಸಾಹೇಬ್ರೆ, ನೀವೂ ಇಳೀರಿ, ಗಾಡಿ ಡಿಪೋಗೆ ಹೋಗುತ್ತೆ!”

ಮಾವ ಹೊರಗೆ ಬಂದರು. ಹೆಡ್‌ಫೋನು ಕೊರಳಿಗೆ ಬಿದ್ದಿತ್ತು, ಮುಖ ಹುಳಿ ಹುಳಿಯಾಗಿತ್ತು.

“ಎಡಕ್ಕೆ ಎಳೀತಮ್ಮಾ. ಇನ್ನೇನು ಅವನ ಬಾಲ ಹಿಡಿದಿದ್ದೆ, ಎಡಕ್ಕೆ ಎಳೆದು ಮಗುಚಿಹಾಕ್ತು. ಗಾಡೀಲೇ ಏನೋ ದೋಷ ಇದೆ.”

“ನೋಡೋಣ ಮಾವ.”

“ನೋಡೋದೇನು ಬಂತು. ಇನ್ನೊಂದು ಭಾನುವಾರ ನೋಡ್ತೀನಿ. ಇಪ್ಪತ್ತನೇದೂ ಸೋತ್ರೆ ಎಲ್ಲಾ ಗಂಟುಕಟ್ಟಿ ಅಟ್ಟಕ್ಕೆ ಹಾಕ್ತೀನಿ. ಸೋಮವಾರದಿಂದ ಮೊದ್ಲಿನ ಹಂಗೆ ನಿನ್ ಜೊತೆ ಕಾರಲ್ಲಿ ಬರ್ತೀನಿ. ನೀನು ಕ್ಲಚ್ ಬಿಡೋದು ಈಗ್ಲೂ ಸರಿಯಿಲ್ಲ.”

ಸೊಸೆಯ ಕೈಯಿಂದ ತಟ್ಟೆ ಜಾರಿತು. ಸ್ಟೀಲಿನದಾದ್ದರಿಂದ ಬರೀ ಬೊಬ್ಬೆ ಹಾಕಿ ಸುಮ್ಮನಾಯಿತು.

ಆ ಕಾರಿನ ಕತೆ ಅವಳಿಗಷ್ಟೇ ಗೊತ್ತು. ಮಾವ ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದವರು, ಒಂದು ಗೀರು ಬಿದ್ದದ್ದಿಲ್ಲ. ನಿವೃತ್ತರಾದ ಮರುದಿನವೇ “ಸುಮ್ನೆ ಗಾಳಿಗೆ ಬರ್ತೀನಿ” ಅಂತ ಅವಳ ಕಾರಿನ ಪಕ್ಕದ ಸೀಟಿನಲ್ಲಿ ಕೂತರು. ಬೆಳಿಗ್ಗೆ ನಲವತ್ತು ನಿಮಿಷದ ದಾರಿ. ಕನ್ನಡಿ ನೋಡು, ಗೇರ್ ಇಳಿಸು, ಆ ಲಾರಿ ನಂಬ್ಬೇಡ, ಈ ಲಾರಿ ನಂಬು. ಅವಳು ಆಫೀಸು ಸೇರಿದ ಮೇಲೆ ಅವರು ಬಸ್ಸು ಹತ್ತಿ ಮನೆಗೆ ವಾಪಸ್ಸು, ಆ ಬಸ್ಸಿನ ಡ್ರೈವರಿಗೂ ಅದೇ ಪಾಠ. ಬಾಯಿ ಸುಮ್ಮನಿದ್ದರೂ ಕಾಲು ಸುಮ್ಮನಿರುತ್ತಿರಲಿಲ್ಲ. ಇಲ್ಲದ ಕ್ಲಚ್ಚು, ಇಲ್ಲದ ಬ್ರೇಕು ಒತ್ತಿ ಒತ್ತಿ, ಎರಡೇ ವರ್ಷದಲ್ಲಿ ಪಕ್ಕದ ಸೀಟಿನ ಮ್ಯಾಟು ಎಡಗಾಲಿನ ಜಾಗದಲ್ಲಿ ತೂತು ಬಿದ್ದಿತ್ತು.

ಅವಳ ಗಂಡ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿರುವವನು, ಅಪ್ಪನಿಗೆ ಹೊತ್ತು ಹೋಗಲಿ ಅಂತ ಮೊದಲು ಕಂಪ್ಯೂಟರಿಗೆ ಬಸ್ಸು ಓಡಿಸುವ ಆಟ ಹಾಕಿಕೊಟ್ಟ. “ಮತ್ತೆ ಡ್ಯೂಟಿಗೆ ಹಾಕ್ತೀಯೇನೋ?” ಅಂತ ಮಾವ ರೇಗಿದರು. ಹಾಗಾಗಿ ಯುದ್ಧವಿಮಾನ ಬಂತು. ಅದೂ ಗುಂಡಿ ಒತ್ತಿದರೆ ಹಾರುವ ಮಕ್ಕಳ ಆಟವಲ್ಲ, ಹಳೇ ಕಾಲದ ಒಂದೇ ಫ್ಯಾನಿನ ವಿಮಾನ. ಇಂಜಿನ್ ಚಾಲೂ ಮಾಡಲು ಹದಿನಾಲ್ಕು ಸ್ವಿಚ್ಚು ಸರಿಯಾದ ಸಾಲಿನಲ್ಲಿ ಹಾಕಬೇಕು. ಎಣ್ಣೆ ಬಿಸಿಯಾಗುವ ತನಕ ಕಾಯಬೇಕು. ಕಾಯದೆ ಓಡಿಸಿದರೆ ಕೆಮ್ಮುತ್ತದೆ, ಹೆಚ್ಚು ಓಡಿಸಿದರೆ ಕುದಿಯುತ್ತದೆ. ಮಾವ ಮರುಳಾದರು. ಹಾರುವ ಮುಂಚೆ ಕುರ್ಚಿಯ ಚಕ್ರಗಳನ್ನು ಒಂದೊಂದಾಗಿ ಒದ್ದು ನೋಡುವರು, ಪರದೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವರು. ಕೈಗೆ ಜಾಯ್‌ಸ್ಟಿಕ್ಕು, ಕಾಲಿಗೆ ವಿಮಾನದ ಬಾಲ ತಿರುಗಿಸುವ ಎರಡು ಪೆಡಲು. ಎಡದ್ದು ತುಳಿದರೆ ಮೂತಿ ಎಡಕ್ಕೆ, ಬಲದ್ದು ತುಳಿದರೆ ಬಲಕ್ಕೆ.

ಸುದ್ದಿ ಕೇಳಿ ಕಂಡಕ್ಟರ್ ಕೂಡ ಊರಿನ ಇನ್ನೊಂದು ತುದಿಯ ತಮ್ಮ ಮನೆಯಲ್ಲಿ ಎಲ್ಲ ಜೋಡಿಸಿಕೊಂಡರು. ಇಬ್ಬರೂ ಒಂದೇ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಭಾನುವಾರಕ್ಕೊಂದು ಕಾಳಗ. ಸೊಸೆಯ ಪಕ್ಕದ ಸೀಟು ಖಾಲಿಯಾಯಿತು. ಐದು ತಿಂಗಳಿಂದ ಅವಳು ಬೆಳಿಗ್ಗೆ ನಲವತ್ತು ನಿಮಿಷ ಬಾಯಿಗೆ ಬಂದ ಹಾಡು ಹೇಳಿಕೊಂಡು, ತನಗೆ ತೋಚಿದ ಗೇರಿನಲ್ಲಿ ಹೋಗುತ್ತಿದ್ದಳು. ಮನೆ, ಮಗಳ ಶಾಲೆ, ಕೆಲಸ ಇವುಗಳ ನಡುವೆ ಅವಳದು ಅಂತ ಇದ್ದದ್ದು ಅದೊಂದೇ. ಅದು ಹೋಗಕೂಡದು.

ಅವಳ ಕಸುಬು ಜೆರಾಕ್ಸ್ ಮಷೀನು ರಿಪೇರಿ. ಕೆಟ್ಟದ್ದನ್ನು ಹುಡುಕುವುದಕ್ಕೆ ಅವಳದೊಂದು ಶಿಸ್ತಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ. ಸೋಮವಾರ ಸಂಜೆ ಜಾಯ್‌ಸ್ಟಿಕ್ಕನ್ನು ಬಿಚ್ಚಿ ಬ್ರಷ್ಷಿನಲ್ಲಿ ಧೂಳು ತೆಗೆದಳು, ಒಳಗಿಂದ ಎರಡು ಬಿಸ್ಕತ್ತಿನ ಚೂರು ಸಿಕ್ಕವು. ಮಂಗಳವಾರ ವೈರನ್ನು ಬೇರೆ ತೂತಿಗೆ ಚುಚ್ಚಿದಳು. ಬುಧವಾರ ಪೆಡಲುಗಳ ಅಳತೆಯನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಹೊಂದಿಸಿದಳು.

ಗಂಡ ಬಾಗಿಲಿಗೆ ಒರಗಿ ಹೇಳಿದ: “ಒಂದ್ಸಲ ಆಫ್ ಮಾಡಿ ಆನ್ ಮಾಡೇ.”

“ರೀ, ನಿಮ್ಮನ್ನ ಆಫ್ ಮಾಡೋ ಸ್ವಿಚ್ಚು ಎಲ್ಲಿದೆ ಹೇಳಿ, ಅದನ್ನ ಮೊದ್ಲು ಮಾಡ್ತೀನಿ.”

“ಅಲ್ವೇ, ಫ್ಯಾನು ತಿರುಗೋ ರಭಸಕ್ಕೆ ಈ ಜಾತಿ ವಿಮಾನ ಎಡಕ್ಕೆ ಎಳೆಯೋದು ಸಹಜ. ಅಸಲಿ ಥರ ಅಂದ್ರೆ ಹಂಗೇ.”

“ಅದು ಓಡಿ ಮೇಲೇಳುವಾಗ. ಇದು ಮೇಲಿದ್ದಾಗ ಮಗುಚ್ತಿದೆ.”

ಗುರುವಾರ ಅವಳೇ ಕೂತು ಹಾರಿಸಿದಳು. ವಿಮಾನ ನೂಲು ಹಿಡಿದಂತೆ ನೆಟ್ಟಗೆ ಹೋಯಿತು. ಶುಕ್ರವಾರ ಮಾವ ಕೂತು ಕಂಪ್ಯೂಟರೇ ಓಡಿಸುವ ಶತ್ರುವಿನ ಜೊತೆ ಕಾದಾಡಿದರು. ಮೂರನ್ನು ಹೊಡೆದುರುಳಿಸಿದರು. ಎಡವೂ ಇಲ್ಲ, ಬಲವೂ ಇಲ್ಲ.

ಇಂಥ ಮಷೀನುಗಳು ಅವಳಿಗೆ ಹೊಸದಲ್ಲ. ತಾನು ಹೋದಾಗ ಬೆಣ್ಣೆಯಂತೆ ಕಾಗದ ಉಗುಳುತ್ತವೆ, ಬೆನ್ನು ತಿರುಗಿಸಿದರೆ ನುಂಗುತ್ತವೆ. ಅಂಥಲ್ಲಿ ಮಷೀನು ನೋಡಬಾರದು, ಕೆಡುವಾಗ ಹತ್ತಿರ ಯಾರಿರುತ್ತಾರೆ ನೋಡಬೇಕು. ಇಲ್ಲಿ ಕೆಡುವುದು ಕಂಡಕ್ಟರ್ ಇದ್ದಾಗ ಮಾತ್ರ.

ಶನಿವಾರ ಮಧ್ಯಾಹ್ನ ಇಬ್ಬರೂ ಹತ್ತು ನಿಮಿಷ ಅಭ್ಯಾಸಕ್ಕೆ ಕೂತರು. ವೈರು ಎಲ್ಲಾದರೂ ಸಡಿಲ ಇರಬಹುದು, ಕುಲುಕಾಟದಲ್ಲಿ ಬಿಟ್ಟುಹೋಗುತ್ತಿರಬಹುದು ಅಂತ ಸೊಸೆ ಟಾರ್ಚು ಹಿಡಿದು ಮೇಜಿನ ಕೆಳಗೆ ತೂರಿ ಅಂಗಾತ ಮಲಗಿದಳು. ಮೂಗಿನ ಮುಂದೆ ಮಾವನ ಎರಡು ಪಾದ, ಕಾಲುಚೀಲ ಸಮೇತ.

“ಎಲ್ಲಯ್ಯಾ ಓಡ್ತೀಯಾ?” ಮೇಲಿಂದ ಮಾವನ ಕೂಗು. “ಸಿಕ್ದೆ ಕಣೋ, ಸಿಕ್ದೆ!”

ಸ್ಪೀಕರಿನಲ್ಲಿ ಕಂಡಕ್ಟರ್ ಒಂದೇ ಒಂದು ವಿಷಲ್ ಊದಿದರು. ಪೀಈಈ.

ಮಾವನ ಎಡಗಾಲು ಧಡ್ಡನೆ ಪೆಡಲಿಗೆ ತಳ ಕಾಣಿಸಿತು. ಬಲಗಾಲು ತನ್ನ ಪೆಡಲು ಬಿಟ್ಟು ಪಕ್ಕದ ಬರೀ ನೆಲವನ್ನು, ಸೊಸೆಯ ಮೂಗಿನಿಂದ ಎರಡೇ ಬೆರಳು ಆಚೆ, ಗುದ್ದಿತು. ಮೇಲೆ ಧಡಾರ್.

“ನೋಡ್ದಾ! ಎಡಕ್ಕೆ! ಮತ್ತೆ ಎಡಕ್ಕೆ!”

ಸೊಸೆ ಟಾರ್ಚು ಆರಿಸಿ, ಬಾಯಿಗೆ ಸೆರಗು ತುರುಕಿಕೊಂಡು, ಮಲಗಿದಲ್ಲೇ ಕುಲುಕುಲು ನಕ್ಕಳು. ಒಂದು ವಿಷಲ್ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು. ಇಪ್ಪತ್ತೆರಡು ವರ್ಷ, ದಿನಕ್ಕೆ ನೂರಾರು ಸ್ಟಾಪು, ಆ ಒಂದು ವಿಷಲ್ಲಿಗೆ ಎಡದ್ದು ಕ್ಲಚ್ಚು, ಬಲದ್ದು ಬ್ರೇಕು ಒಟ್ಟಿಗೆ ಒತ್ತಿದ ಕಾಲುಗಳವು. ತಲೆಗೆ ನಿವೃತ್ತಿಯಾಗಿತ್ತು, ಕಾಲಿಗೆ ಆದೇಶ ಇನ್ನೂ ತಲುಪಿರಲಿಲ್ಲ. ಕಾರಿನ ಮ್ಯಾಟಿನ ತೂತು ಅವಳ ಕಣ್ಣಮುಂದೆ ಬಂತು. ಚೌಕದಲ್ಲಿ ಟ್ರಾಫಿಕ್ ಪೊಲೀಸು ವಿಷಲ್ ಊದಿದಾಗಲೆಲ್ಲ ಆ ಸೀಟೇ ಅಲುಗುತ್ತಿತ್ತಲ್ಲ!

ಕಂಡಕ್ಟರಿಗೆ ಇದು ಚೆನ್ನಾಗಿ ಗೊತ್ತು, ಅನುಮಾನವೇ ಇಲ್ಲ. ಇಲ್ಲದಿದ್ದರೆ ಗುಂಡಿಗಿಂತ ಮುಂಚೆ ವಿಷಲ್ ಯಾಕೆ?

ಅವಳು ಮೇಜಿನಡಿಯಿಂದ ತೆವಳಿ ಬಂದಳು. “ಮಾವ, ನಿಮ್ಮ ಕಾಲು…”

“ಏನಾಯ್ತು ನನ್ನ ಕಾಲಿಗೆ?” ಮಾವ ಹುಬ್ಬು ಗಂಟಿಕ್ಕಿದರು. ಮೂವತ್ತನಾಲ್ಕು ವರ್ಷದ ಗೀರಿಲ್ಲದ ಕಾಲು ಅದು.

“ಏನಿಲ್ಲ. ಕಾಲುಚೀಲ ತೂತಾಗಿದೆ.”

ಹೇಳಿದರೆ ನಂಬುವವರಲ್ಲ. ನಂಬಿದರಂತೂ ಇನ್ನೂ ಕಷ್ಟ, ಇವತ್ತೇ ಎಲ್ಲ ಅಟ್ಟಕ್ಕೆ ಹೋಗುತ್ತೆ. ಅವರು ಕೈಕಾಲು ತೊಳೆಯಲು ಹೋದಾಗ ಸೊಸೆ ಸೆಟ್ಟಿಂಗ್ಸಿಗೆ ಹೊಕ್ಕಳು. ಪೆಡಲು ತುಳಿದಷ್ಟಕ್ಕೆ ವಿಮಾನ ಎಷ್ಟು ತಿರುಗಬೇಕು ಅಂತ ತೋರಿಸುವ ಗೆರೆಯನ್ನು ಎಡಗಡೆಗೆ ಮಾತ್ರ ಬಗ್ಗಿಸಿದಳು. ಎಷ್ಟೇ ತುಳಿಯಲಿ, ವಿಮಾನಕ್ಕೆ ಮುಟ್ಟುವುದು ನೂರಕ್ಕೆ ಇಪ್ಪತ್ತೈದು.

ಸಂಜೆ ಬಟ್ಟೆ ಮಡಿಸುತ್ತಾ ಏನೂ ಗೊತ್ತಿಲ್ಲದವಳಂತೆ ಕೇಳಿದಳು: “ಮಾವ, ಆ ಕಂಡಕ್ಟರ್ ಮಾವನಿಗೆ ಭಯ ಅನ್ನೋದೇ ಇಲ್ವಾ?”

“ಅವನಿಗಾ?” ಮಾವನ ಮುಖ ವಾರದಲ್ಲಿ ಮೊದಲ ಸಲ ಅರಳಿತು. “ಚೆಕಿಂಗ್ ಅಂದ್ರೆ ಸಾಕು, ಉಚ್ಚೆ ಹೊಯ್ಕೋತಿದ್ದ. ಲೆಕ್ಕ ಎಲ್ಲಾ ಸರಿ ಇರೋದು ಕಣಮ್ಮಾ, ಆದ್ರೂ ಭಯ. ಒಂದ್ಸಲ ಡಿಪೋ ಬೆಂಚಿನ ಮೇಲೆ ಗೊರಕೆ ಹೊಡೀತಿದ್ದ. ನಾನು ಕಿವೀಲಿ ‘ಚೆಕಿಂಗ್’ ಅಂದೆ. ನಿದ್ದೇಲೇ ಎದ್ದು ಎರಡೂ ಕೈಲಿ ಬ್ಯಾಗು ತಡಕಿದ. ಬ್ಯಾಗು ಎಲ್ಲಿದೆ? ಪಕ್ಕದಲ್ಲಿದ್ದ ಮೆಕ್ಯಾನಿಕ್‌ನ ಹೊಟ್ಟೆ ಹಿಡಿದು ಎಳೆದ!”

ಸೊಸೆ ಅಂಗಿಯೊಂದನ್ನು ಬಹಳ ಜೋಪಾನವಾಗಿ ಮಡಿಸಿದಳು.

ಭಾನುವಾರ. ಮಾವ ಕುರ್ಚಿ ಚಕ್ರ ಒದ್ದು ನೋಡಿದರು, ಪರದೆ ಒರೆಸಿದರು, ಹದಿನಾಲ್ಕು ಸ್ವಿಚ್ಚು ಹಾಕಿದರು. ಸೊಸೆ ಟೀ ಲೋಟ ಹಿಡಿದು ಹಿಂದೆ ನಿಂತಳು. ಮೂರೇ ನಿಮಿಷದಲ್ಲಿ ಮಾವ ಕಂಡಕ್ಟರಿನ ಬಾಲಕ್ಕೆ ಅಂಟಿಕೊಂಡರು. ಓಡಿಸುವುದರಲ್ಲಿ ಅವರೇ ಮೇಲು, ಅದರಲ್ಲಿ ಎರಡು ಮಾತಿಲ್ಲ.

ವಿಷಲ್ ಬಂತು. ಎಡಗಾಲು ತಳ ಮುಟ್ಟಿತು. ವಿಮಾನ ಮಗುಚಲಿಲ್ಲ, ಸೊಂಟ ಒಮ್ಮೆ ಕುಣಿಸಿ ಮತ್ತೆ ನೆಟ್ಟಗಾಯಿತು.

“ಎಡಕ್ಕೆ ಎಳೀಲಿಲ್ಲ!” ಮಾವ ಕಿರುಚಿದರು. “ಏನಮ್ಮಾ ಮಾಡ್ದೆ?”

“ಎಣ್ಣೆ ಬಿಟ್ಟೆ ಮಾವ. ನೀವು ಮುಂದೆ ನೋಡಿ.”

ಆ ಕಡೆ ಕಂಡಕ್ಟರ್ ಕಂಗಾಲು. ಮತ್ತೊಂದು ವಿಷಲ್, ಮತ್ತೊಂದು. ಮಾವ ಬೀಳಲಿಲ್ಲ ನಿಜ, ಆದರೆ ಪ್ರತಿ ವಿಷಲ್ಲಿಗೂ ಮೂತಿ ಅಲುಗಿ ಗುರಿ ತಪ್ಪುತ್ತಿತ್ತು. ಗುಂಡುಗಳು ಮೋಡಕ್ಕೆ ಹೊಡೆದು ಖಾಲಿಯಾಗುತ್ತಿದ್ದವು. ನೂರಿಪ್ಪತ್ತು ಉಳಿದಿತ್ತು. ಎಂಬತ್ತು. ಪೀಈಈ. ನಲವತ್ತು.

ಸೊಸೆಗೆ ಕಾರಿನ ಪಕ್ಕದ ಸೀಟು ಕಂಡಿತು, ಅದರ ಮೇಲೆ ಬೆಲ್ಟು ಹಾಕಿಕೊಂಡು ಕೂತ ಮಾವ ಕಂಡರು, ‘ಆ ಲಾರಿ ನಂಬ್ಬೇಡ’ ಕಿವಿಯಲ್ಲಿ ಮೊಳಗಿತು. ಲೋಟ ಕೆಳಗಿಟ್ಟಳು. ಬಗ್ಗಿ, ಮಾವನ ಗದ್ದದ ಹತ್ತಿರವಿದ್ದ ಮೈಕಿಗೆ ಬಾಯಿಟ್ಟು, ದುಡ್ಡು ಕೊಡದೆ ಆಟ ಆಡಿಸುವ ಗಿರಾಕಿಗಳ ಜೊತೆ ಮಾತಾಡುವ ದನಿಯಲ್ಲಿ ಅಂದಳು:

“ಗಾಡಿ ನಿಲ್ಸಿ. ಚೆಕಿಂಗ್. ಕಂಡಕ್ಟರ್, ಬ್ಯಾಗು ಕೊಡಿ.”

ಸ್ಪೀಕರಿನಲ್ಲಿ ಕುರ್ಚಿ ಎಳೆದ ಸದ್ದು. ವಿಷಲ್ ನೆಲಕ್ಕೆ ಬಿದ್ದು ಉರುಳಿದ ಸದ್ದು. “ಬಂದೆ ಸಾರ್, ಬಂದೆ, ಎಲ್ಲಾ ಸರಿಯಾಗಿದೆ ಸಾರ್…”

ಪರದೆಯ ಮೇಲೆ ಕಂಡಕ್ಟರಿನ ವಿಮಾನ, ಕೈಬಿಟ್ಟ ಸೈಕಲ್ಲಿನಂತೆ, ನೆಟ್ಟಗೆ ಸುಮ್ಮನೆ ತೇಲಿತು. ಮಾವ ಗುಂಡಿ ಒತ್ತಿದರು. ಅಷ್ಟರಲ್ಲಿ ಉಳಿದಿದ್ದದ್ದು ಒಂಬತ್ತೇ ಗುಂಡು. ಸಾಕಾಯಿತು.

ಈ ಸಲ ಧಡಾರ್ ಅಂದದ್ದು ಕಂಡಕ್ಟರಿನ ವಿಮಾನ.

“ಅನ್ಯಾಯ!” ಕಂಡಕ್ಟರ್ ಬೊಬ್ಬಿಟ್ಟರು. “ಅದ್ಯಾರದು? ಇದು ಆಟಾನಾ? ಹಿಂಗೆ ಮೋಸ ಮಾಡಿ—”

ಸೊಸೆ ಮತ್ತೆ ಮೈಕಿಗೆ ಬಗ್ಗಿದಳು. “ಕಂಡಕ್ಟರ್ ಮಾವ, ನಮಸ್ಕಾರ. ನಿಮ್ಮ ವಿಷಲ್ ವಿಷಯ ಹೇಳ್ಬಿಡ್ಲಾ?”

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು.

“…ಚೆನ್ನಾಗಿ ಹೊಡೆದ್ರಿ ಡ್ರೈವರ್ ಸಾಹೇಬ್ರೆ. ಮುಂದಿನ ಭಾನುವಾರ ನೋಡ್ಕೊಳ್ಳೋಣ.”

“ಬಾರಯ್ಯಾ, ಬಾ!” ಮಾವ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದರು. ಅಟ್ಟದ ಮಾತು ಯಾರೂ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಸೊಸೆ ಮಗಳನ್ನು ಶಾಲೆಗೆ ಬಿಟ್ಟು, ಖಾಲಿ ಸೀಟನ್ನೊಮ್ಮೆ ಪ್ರೀತಿಯಿಂದ ನೋಡಿ, ಹಾಡು ಶುರುಮಾಡಿದಳು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಫೋನು ಬಡಿದುಕೊಂಡಿತು. ಸ್ಟ್ಯಾಂಡಿನಲ್ಲಿದ್ದ ಅದನ್ನು ಬೆರಳಲ್ಲಿ ಒತ್ತಿದಳು. ಮಾವ.

“ಸೆಟ್ಟಿಂಗ್ಸು ನೋಡ್ದೆ. ಎಡಗಡೆಗೆ ಇಪ್ಪತ್ತೈದು ಅಂತಿದೆ. ಎಣ್ಣೆ ಬಿಟ್ಟೆ ಅಂದ್ಯಲ್ಲಾ?”

“ಅದು… ಮಾವ…”

“ವಿಷಲ್ ವಿಷಯ ಅಂದ್ಯಲ್ಲ ಅವನ ಹತ್ರ, ಅದೂ ತಲೇಲಿ ಕೊರೀತಿತ್ತು. ಬಾಗಿಲು ಹಾಕ್ಕೊಂಡು ನಾನೇ ಬಾಯಲ್ಲಿ ಒಂದು ವಿಷಲ್ ಹಾಕ್ದೆ. ಕಾಲು ತಾನಾಗೇ ಹೋಯ್ತು ಕಣಮ್ಮಾ. ನಾನೇ ಊದ್ದೆ, ನನ್ ಕಾಲೇ ನಿಲ್ಲಿಸ್ತು.”

ಸೊಸೆ ತುಟಿ ಕಚ್ಚಿ ಹಿಡಿದಳು. ನಕ್ಕರೆ ಕೆಟ್ಟೆ.

“ಇದು ಅವನಿಗೆ ಗೊತ್ತು ತಾನೆ?”

“ಗೊತ್ತು ಮಾವ.”

“ನಂಗೂ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾ?”

“ಇಲ್ಲ.”

“ಹಂಗೇ ಇರ್ಲಿ. ಮುಂದಿನ ವಾರ ನಾನೇ ಬೇಕಂತ ಎಡಕ್ಕೆ ಬಿದ್ದ ಹಂಗೆ ಮಾಡ್ತೀನಿ, ಬರ್ತಾನೆ ಹತ್ರಕ್ಕೆ. ನೀನು ಆ ಇಪ್ಪತ್ತೈದು ತೆಗೀಬೇಡ.” ದನಿಯಲ್ಲಿ ಹದಿನಾರರ ಹುಡುಗನ ಕಿಡಿಗೇಡಿತನ. ಇನ್ನು ಹತ್ತು ವರ್ಷ ಆ ಪೆಡಲು ಅಟ್ಟ ಹತ್ತುವುದಿಲ್ಲ ಅಂತ ಸೊಸೆಗೆ ಖಾತ್ರಿಯಾಯಿತು. ಹಗುರಾಗಿ ಉಸಿರು ಬಿಟ್ಟು ಏರುದಾರಿಗೆ ಕಾರು ತಿರುಗಿಸಿದಳು.

“ಆಯ್ತು ಮಾವ, ಇಡ್ಲಾ?”

“ತಾಳು, ತಾಳು. ಅದೇನು ಸದ್ದು? ಏರು ತಾನೆ? ಮೂರರಲ್ಲಿದ್ದೀಯ. ಇಂಜಿನ್ ಅಳ್ತಿರೋದು ಇಲ್ಲಿಗೆ ಕೇಳ್ತಿದೆ. ಎರಡಕ್ಕೆ ಇಳ್ಸಮ್ಮಾ.”

ಸೊಸೆ ಖಾಲಿ ಸೀಟು ನೋಡಿದಳು, ಫೋನು ನೋಡಿದಳು, ಎರಡಕ್ಕೆ ಇಳಿಸಿದಳು.

“ಹಾಂ,” ಅಂದರು ಮಾವ, “ಈಗ ಸರಿ.”