ಹಿಂದಿನಿಂದ ಮೂರನೇ ಕಂಬ

"ಐದು ವರ್ಷ ಓದಿದ್ದು ಬೇಲಿ ಹಾಕೋಕಾ?" ಎಂದು ಅಮ್ಮ ಹುಡುಗಿಯನ್ನು ಕೇಳಿದಳು. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಅಂದರೆ ಏನೆಂದು ಅಮ್ಮನಿಗೆ ಬಿಡಿಸಿ ಹೇಳಬೇಕೆಂದು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡಿದ್ದಳು. ಮನೆಯ ಗೋಡೆ ಮುಗಿದ ಮೇಲೆ ಶುರುವಾಗುವುದೆಲ್ಲ ನಮ್ಮ ಕೆಲಸ, ನೆರಳು ಎಲ್ಲಿ ಬೀಳಬೇಕು, ನೀರು ಎತ್ತ ಹರಿಯಬೇಕು, ಜನ ಎಲ್ಲಿ ಕೂರಬೇಕು, ಕೂತವರಿಗೆ ಏನು ಕಾಣಬೇಕು. ಅಮ್ಮ ಮಾತ್ರ ನೆಂಟರ ಮುಂದೆ "ನಮ್ಮವಳು ತೋಟದ ಇಂಜಿನಿಯರು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು.

ಆದರೆ ಈ ಸಲ ಬಂದದ್ದು ನಿಜಕ್ಕೂ ಬೇಲಿಯ ಕೆಲಸವೇ. ಆಫೀಸಿನ ಮೇಡಂ ಫೈಲನ್ನು ಅವಳ ಮೇಜಿನ ಮೇಲಿಟ್ಟು ಹೇಳಿದ್ದರು: "ಅಣ್ಣ ತಮ್ಮ, ಅಕ್ಕಪಕ್ಕದ ಮನೆ. ಒಬ್ಬರ ಮುಖ ಒಬ್ಬರಿಗೆ ಕಾಣಬಾರದಂತೆ, ಮಧ್ಯೆ ಹಸಿರು ಗೋಡೆ ಬೇಕಂತೆ. ಇಬ್ಬರೂ ಕನ್ನಡಕದ ಅಂಗಡಿಯವರು ಕಣಮ್ಮ! ಊರಿಗೆಲ್ಲ ಕಣ್ಣು ಕಾಣೋ ಹಾಗೆ ಮಾಡ್ತಾರೆ, ಅವರಿಗೆ ಮಾತ್ರ ಒಬ್ಬರನ್ನ ಕಂಡ್ರೆ ಒಬ್ಬರಿಗಾಗಲ್ಲ. ಅವರೂ ಮಾತಾಡಲ್ಲ, ನೀನೂ ಮಾತಾಡಲ್ಲ. ನಿನಗೆ ಹೇಳಿ ಮಾಡಿಸಿದ ಹಾಗಿದೆ, ಹೋಗು."

ಆಫೀಸಿನವರೆಲ್ಲ ನಕ್ಕರು. ಹುಡುಗಿಯ ಕಿವಿ ಬಿಸಿಯಾಯಿತು. ಆದರೂ ನಕ್ಷೆಯ ಮೂಲೆಯಲ್ಲಿ ಮೊದಲ ಸಲ ತನ್ನದೇ ಹೆಸರು ಬರುತ್ತದೆಂಬ ಸಂತೋಷದಲ್ಲಿ ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಎರಡೂ ಮನೆಗಳನ್ನು ಆ ಅಣ್ಣತಮ್ಮಂದಿರ ತಂದೆಯೇ ಕಟ್ಟಿಸಿದ್ದು. ತಮ್ಮನ ಮನೆ ಅಣ್ಣನ ಮನೆಗಿಂತ ನಾಲ್ಕು ಹೆಜ್ಜೆ ರಸ್ತೆಯ ಕಡೆಗೆ ಸರಿದಿತ್ತು, ಅಷ್ಟೇ ವ್ಯತ್ಯಾಸ. ಮಧ್ಯೆ ಉದ್ದಕ್ಕೂ ಕಂಬ ನೆಟ್ಟು ಕಟ್ಟಿದ ತಂತಿ ಬೇಲಿ, ಅದರ ಮೇಲೆ ಯಾರೂ ನೆಡದ ಕಾಡುಬಳ್ಳಿ. ಒಂದೇ ಅಂಗಡಿ ಎರಡಾದದ್ದು ಯಾಕೆಂದು ಕೇಳಿದರೆ ಇಬ್ಬರೂ ಅರ್ಧ ಗಂಟೆ ಹೇಳುತ್ತಿದ್ದರು. ಕೇಳಿದವರಿಗೆ ಅವು ಎರಡು ಬೇರೆ ಬೇರೆ ಜಗಳಗಳೇನೋ ಅನ್ನಿಸುತ್ತಿತ್ತು. ಬೇಲಿಯ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಸೊಲ್ಲು: ಆಳೆತ್ತರಕ್ಕಿಂತ ಮೇಲಿರಬೇಕು, ಗೇಟಿನಿಂದ ಹಿತ್ತಲ ತನಕ ಒಂದು ಸೂಜಿಯಷ್ಟೂ ಸಂದು ಇರಬಾರದು.

ಹುಡುಗಿ ಮೊದಲ ನಕ್ಷೆಯಲ್ಲಿ ದಾಸವಾಳ ಹಾಕಿದಳು. ಅಣ್ಣನ ಹೆಂಡತಿ, ದೊಡ್ಡಾಕೆ, ನಕ್ಷೆಯ ಮೇಲೆ ಬೆರಳಿಟ್ಟು, "ಎಲ್ಲ ಚೆನ್ನಾಗಿದೆ. ಹಿಂದಿನಿಂದ ಮೂರನೇ ಕಂಬದ ಹತ್ತಿರ ಮಾತ್ರ ಬೇಡಮ್ಮ, ಇರುವೆ ಹತ್ತುತ್ತೆ" ಎಂದರು. ಅದೇ ನಕ್ಷೆ ತಮ್ಮನ ಮನೆಗೆ ಹೋದಾಗ ಅವರ ಹೆಂಡತಿ, ಚಿಕ್ಕಾಕೆ, "ಹಿಂದಿನಿಂದ ಮೂರನೇ ಕಂಬ ಇದೆಯಲ್ಲ, ಅಲ್ಲಿ ಬೇಡ. ಹೂ ಉದುರಿ ಮೋರಿ ಕಟ್ಕೊಳ್ಳುತ್ತೆ" ಎಂದರು.

ಎರಡನೇ ಸಲ ಬಿದಿರು ಹಾಕಿದಳು. ಆ ಕಂಬದ ಹತ್ತಿರ ಬಿದಿರು ಹಾಕಿದರೆ ಗಾಳಿಗೆ ಕಿರುಗುಟ್ಟಿ ನಿದ್ದೆ ಬರುವುದಿಲ್ಲವೆಂದು ದೊಡ್ಡಾಕೆ, ಹಾವು ಬರುತ್ತದೆಂದು ಚಿಕ್ಕಾಕೆ. ಮೂರನೇ ಸಲ ರಾತ್ರಿರಾಣಿ. ಒಬ್ಬರಿಗೆ ಅದರ ವಾಸನೆಗೆ ತಲೆನೋವು. ಇನ್ನೊಬ್ಬರು ಬಹಳ ಹೊತ್ತು ಯೋಚಿಸಿ, ಬೇರೆ ಏನೂ ಸಿಗದೆ, "ಯಾಕೋ ಅಲ್ಲಿ ನನಗೆ ಸರಿ ಬರಲ್ಲ" ಎಂದುಬಿಟ್ಟರು.

"ಬೇಲಿಗೆ ಮೂರು ಡ್ರಾಯಿಂಗಾ?" ಎಂದರು ಮೇಡಂ. "ಈ ವಾರ ಇಬ್ಬರ ಸಹಿ ತರದಿದ್ರೆ ನಾನೇ ಹೋಗ್ತೀನಿ. ಯಾವುದೋ ಒಂದು ಗಿಡ, ಈ ತುದಿಯಿಂದ ಆ ತುದಿಗೆ. ಅದರಲ್ಲೇನು ದೊಡ್ಡ ವಿಷಯ?"

ಹುಡುಗಿಗೆ ಅದು ದೊಡ್ಡ ವಿಷಯವಾಗಿಯೇ ಕಂಡಿತ್ತು. ಮಾತೇ ಇಲ್ಲದ ಎರಡು ಮನೆಗಳು ಒಂದೇ ಜಾಗವನ್ನು ಹೇಗೆ ಬೇಡವೆನ್ನುತ್ತವೆ? ಊಟ ಮಾಡುವಾಗಲೂ ಬಸ್ಸಿನಲ್ಲೂ ಅವಳ ತಲೆಯೊಳಗೆ ಆ ಕಂಬವೇ ನಿಂತಿತ್ತು. ಕೊನೆಗೆ ಮಣ್ಣು ಪರೀಕ್ಷೆಯ ನೆಪ ಹೇಳಿ ಅಣ್ಣನ ಹಿತ್ತಲಿಗೆ ಹೋಗಿ ಕಂಬದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಕೆದಕಿದರೆ ಸಾದಾ ಮಣ್ಣು. ಇರುವೆಯಿಲ್ಲ, ಹಾವಿನ ಬಿಲವಿಲ್ಲ. ಆದರೆ ಇಡೀ ತಂತಿಯನ್ನು ಮುಚ್ಚಿದ್ದ ಕಾಡುಬಳ್ಳಿ ಅಲ್ಲಿಗೆ ಬಂದು ನಿಂತುಬಿಟ್ಟಿತ್ತು. ಬಗ್ಗಿ ನೋಡಿದಳು. ಕುಡಿಗಳನ್ನು ಯಾರೋ ಉಗುರಿನಿಂದ ನೀಟಾಗಿ ಚಿವುಟಿದ್ದರು. ಈಚೆಯ ಕುಡಿಗಳನ್ನು ಈಚೆಯಿಂದ, ಆಚೆಯವನ್ನು ಆಚೆಯಿಂದ.

"ಕೈಯೆಲ್ಲ ಮಣ್ಣು ಮಾಡ್ಕೊಂಡಿದ್ದೀಯಲ್ಲೇ, ಬಾ ತೊಳ್ಕೋ" ಎಂದು ದೊಡ್ಡಾಕೆ ಅಡುಗೆಮನೆಯ ಬಾಗಿಲಿಂದ ಕರೆದರು.

ಸಿಂಕಿನ ಮುಂದೆ ನಿಂತು ನಲ್ಲಿ ತಿರುಗಿಸಿ ತಲೆಯೆತ್ತಿದರೆ ಎದುರಿಗೆ ಕಿಟಕಿ. ಕಿಟಕಿಯಾಚೆ ಓರೆಯಾಗಿ ಮೂರನೇ ಕಂಬ, ಬಳ್ಳಿಯಿಲ್ಲದ ಅಷ್ಟಗಲ ತಂತಿ, ಅದರಾಚೆ ಇನ್ನೊಂದು ಕಿಟಕಿ. ಆ ಕಿಟಕಿಯಲ್ಲಿ ಚಿಕ್ಕಾಕೆ ತಟ್ಟೆ ತೊಳೆಯುತ್ತಿದ್ದರು. ಅವರು ತಲೆಯೆತ್ತಿ ಹುಡುಗಿಯ ಹಿಂದೆ ನಿಂತಿದ್ದ ದೊಡ್ಡಾಕೆಯತ್ತ ನೋಡಿ, ಒದ್ದೆ ಕೈಯನ್ನು ಕೆನ್ನೆಗೆ ಒತ್ತಿ ಹುಬ್ಬೇರಿಸಿದರು. ದೊಡ್ಡಾಕೆ ಗಲ್ಲ ಉಬ್ಬಿಸಿ, ತಲೆಯಾಡಿಸಿ, ಬಾಯಿ ಅಗಲಿಸಿ ಹಿಂದಿನ ಒಂದು ಹಲ್ಲಿನ ಖಾಲಿ ಜಾಗವನ್ನು ತೋರಿಸಿದರು. ಅಷ್ಟರಲ್ಲಿ ಮಧ್ಯೆ ನಿಂತ ಹುಡುಗಿಯನ್ನು ಕಂಡು ಚಿಕ್ಕಾಕೆ ತಟ್ಟೆಯ ಸಮೇತ ಕೆಳಗೆ ಬಗ್ಗಿಬಿಟ್ಟರು.

"ಕೈ ತೊಳೆದಾಯ್ತಲ್ಲ, ನಲ್ಲಿ ನಿಲ್ಲಿಸು" ಎಂದರು ದೊಡ್ಡಾಕೆ. ಒರೆಸಿಕೊಳ್ಳಲು ಬಟ್ಟೆ ಕೊಡುತ್ತ, "ನೋಡಿದೆಯಾ?" ಎಂದರು.

"ಹಲ್ಲುನೋವಾ ಆಂಟಿ?"

"ಕಿತ್ತಾಯ್ತು. ಅವಳಿಗೆ ನಿನ್ನೆಯಿಂದ ಅದೇ ಯೋಚನೆ." ದೊಡ್ಡಾಕೆ ಬಾಗಿಲಿನತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮಾತಾಡಬೇಡಿ ಅಂತ ಇಬ್ಬರೂ ಗಂಡಂದಿರು ಆಣೆ ಹಾಕಿಸ್ಕೊಂಡ್ರು. ನಾವು ಒಂದು ಮಾತೂ ಆಡಿಲ್ಲಪ್ಪ."

"ಒಂದು ಫೋನಾದ್ರೂ ಮಾಡಬಹುದಿತ್ತಲ್ಲ?"

"ಫೋನ್ ಮಾಡೋಕೆ ಏನಾದ್ರೂ ವಿಷಯ ಬೇಕು. ನೋಡೋಕೆ ವಿಷಯ ಯಾಕೆ?" ಅವರು ಸಿಂಕಿನ ಅಂಚನ್ನು ಒರೆಸಿದರು, ಮತ್ತೆ ಒರೆಸಿದರು. "ಬೇಲಿ ಬರ್ಲಿ, ಬೇಡ ಅನ್ನೋಕೆ ನಾವ್ಯಾರು. ಆ ಒಂದು ಕಡೆ ಮುಚ್ಚಿಹೋದ್ರೆ ಮಾತ್ರ... ಮದುವೆಯಾಗಿ ಈ ಮನೆಗೆ ಬಂದಾಗಿಂದ ನನಗಿರೋದು ಅವಳೊಬ್ಬಳು."

ಹುಡುಗಿ ಅಂದು ಆಫೀಸಿಗೆ ಹೋಗಿ ಹೊಸ ಹಾಳೆ ಹಾಸಿದಳು. ಯಜಮಾನರಿಬ್ಬರಿಗೂ ಸಂದು ಕಾಣಬಾರದು. ಓರಗಿತ್ತಿಯರಿಬ್ಬರಿಗೂ ಸಂದು ಇರಬೇಕು. ಅಳಿಸಿ ಬರೆದು, ಬರೆದು ಅಳಿಸಿ, ಕಡೆಗೆ ಅವಳಿಗೆ ಹೊಳೆದದ್ದು ಬಹಳ ಸರಳವಾಗಿತ್ತು. ಒಂದೇ ಬೇಲಿ ಬೇಡ, ಎರಡು ತುಂಡು ಮಾಡೋಣ. ಹೊದ್ದ ಶಾಲಿನ ಒಂದಂಚು ಇನ್ನೊಂದಂಚಿನ ಮೇಲೆ ಬರುವಂತೆ ಒಂದರ ತುದಿ ಇನ್ನೊಂದರ ಹಿಂದೆ ಸರಿಯಲಿ, ಎರಡರ ನಡುವೆ ಓರೆಯಾಗಿ ಒಂದು ಕಿರಿದಾದ ಓಣಿ ಉಳಿಯಲಿ. ಜಗಲಿಯಿಂದ, ಮಹಡಿಯಿಂದ, ಗೇಟಿನಿಂದ ನೋಡಿದರೆ ಎಲೆಯ ಗೋಡೆ ಎಲ್ಲೂ ಕಡಿಯುವುದಿಲ್ಲ. ಆ ಓಣಿಯ ನೇರಕ್ಕೆ ನಿಂತವರಿಗೆ ಮಾತ್ರ ಆಚೆ ಕಾಣುತ್ತದೆ. ಆ ನೇರ ಸರಿಯಾಗಿ ಸಿಗಬೇಕಾದರೆ ಎರಡೂ ಸಿಂಕುಗಳ ಮುಂದೆ ನಿಂತು ಅಳತೆ ತೆಗೆಯಬೇಕಿತ್ತು.

ಅಳತೆಯ ಟೇಪು ಹೆಗಲಿಗೆ ಹಾಕಿಕೊಂಡು ಚಿಕ್ಕಾಕೆಯ ಮನೆಗೂ ಹೋಗಿ, "ಆಂಟಿ, ಸ್ವಲ್ಪ ಕೈ ತೊಳ್ಕೋಬಹುದಾ?" ಎಂದು ಕೇಳಿದಳು.

ಚಿಕ್ಕಾಕೆ ಅವಳ ಅಂಗೈ ನೋಡಿದರು. "ಮಣ್ಣೇ ಇಲ್ಲವಲ್ಲ!" ಆಮೇಲೆ ಅವಳ ಮುಖ ನೋಡಿದರು. "ಅಕ್ಕ ಹೇಳಿದ್ರಾ?"

"ಹೇಳ್ಲಿಲ್ಲ. ಹಲ್ಲು ತೋರಿಸಿದ್ರು."

ಚಿಕ್ಕಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗು ನಿಂತ ಮೇಲೆ ಸಿಂಕಿನ ಮುಂದೆ ನೆಟ್ಟಗೆ ನಿಂತು, "ಅಳತೆ ತಗೋ" ಎಂದರು.

ಅಣ್ಣನ ಸಹಿ ಸುಲಭವಾಗಿ ಸಿಕ್ಕಿತು. ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಅವರು ನಕ್ಷೆಯನ್ನು ಹೆಚ್ಚು ಹೊತ್ತು ನೋಡಲಿಲ್ಲ. "ಇಲ್ಲಿ ಕೂತ್ರೆ ಅವನ ಮನೆ ಕಾಣಲ್ಲ ತಾನೇ?" ಎಂದು ಕೇಳಿದರು. ಕಾಣುವುದಿಲ್ಲ ಎಂದಳು. ಅದು ನಿಜವೂ ಆಗಿತ್ತು. "ಎಲ್ಲಿ ಹಾಕಬೇಕು? ಬೆರಳಿಡು" ಎಂದು ಅವಳ ಬೆರಳಿನ ಪಕ್ಕದಲ್ಲೇ ಸಹಿ ಗೀಚಿದರು.

ತಮ್ಮ ಹಾಗಲ್ಲ. ಊಟದ ಮೇಜಿನ ಮೇಲೆ ನಕ್ಷೆ ಹರಡಿ, ದೀಪ ಹಾಕಿಕೊಂಡು, ಕನ್ನಡಕ ಬದಲಿಸಿ ಕೂತರು. "ಅವನು ಒಪ್ಪಿದ್ದಾನೆ ಅಂದ್ರೆ ಏನೋ ಇದೆ ಇದರಲ್ಲಿ" ಎನ್ನುತ್ತ ಜೇಬಿನಿಂದ ಪುಟ್ಟ ಅಳತೆಪಟ್ಟಿ ತೆಗೆದರು. ಗಿರಾಕಿಗಳ ಎರಡು ಕಣ್ಣುಗಳ ನಡುವಿನ ಅಂತರ ಅಳೆಯುವ ಪಟ್ಟಿ ಅದು. ಮೂರನೇ ಕಂಬದ ಹತ್ತಿರ ಬಂದಾಗ ಅವರ ಕೈ ನಿಂತಿತು. ಪಟ್ಟಿಯನ್ನು ಓಣಿಯ ಓರೆಗೆ ಸರಿಯಾಗಿ ಇಟ್ಟು ಪೆನ್ಸಿಲಿನಿಂದ ತೆಳುವಾಗಿ ಒಂದು ಗೆರೆ ಎಳೆದರು. ಗೆರೆಯ ಒಂದು ತುದಿ ಅಣ್ಣನ ಅಡುಗೆಮನೆಗೆ ಹೋಗಿ ಮುಟ್ಟಿತು, ಇನ್ನೊಂದು ತುದಿ ಅವರದಕ್ಕೆ.

"ಏನಮ್ಮಾ ಇದು?"

"ಗಿಡ ಕತ್ತರಿಸೋರು ಒಳಗೆ ಹೋಗೋಕೆ ದಾರಿ ಬೇಕಾಗುತ್ತೆ ಅಂಕಲ್."

"ಗಿಡ ಕತ್ತರಿಸೋರು ನಮ್ಮ ಸಿಂಕಿಂದ ಹೊರಟು ಅವನ ಸಿಂಕಿಗೆ ಹೋಗ್ತಾರಾ?"

ಅವರು ಪೆನ್ಸಿಲನ್ನು ಅವಳ ಕಡೆಗೆ ತಳ್ಳಿದರು. "ಮುಚ್ಚು. ಇಲ್ಲೇ, ಈಗಲೇ ಮುಚ್ಚು. ಸಹಿ ಹಾಕ್ತೀನಿ."

ಅವಳು ಪೆನ್ಸಿಲ್ ಎತ್ತಿಕೊಂಡಳು. ಮುಚ್ಚಲು ಬೇಕಾದದ್ದು ಒಂದು ಗೆರೆ. ಎಳೆದರೆ ಮೇಡಂ ಬರುವ ಮಾತಿಲ್ಲ, ಮೂಲೆಯಲ್ಲಿ ತನ್ನ ಹೆಸರು ಉಳಿಯುತ್ತದೆ. ಒಳಗೆ ಪಾತ್ರೆಯ ಸದ್ದು ನಿಂತದ್ದು ಅವಳಿಗೆ ಕೇಳಿಸಿತು. ಪೆನ್ಸಿಲನ್ನು ಕೆಳಗಿಟ್ಟಳು.

"ಮುಚ್ಚೋಕಾಗಲ್ಲ ಅಂಕಲ್. ಅದು ತಪ್ಪಿ ಬಂದಿದ್ದಲ್ಲ. ಅಳೆದು ಬಿಟ್ಟಿದ್ದು."

"ಯಾರಿಗೋಸ್ಕರ?"

ಅದನ್ನು ಹೇಳುವ ಹಕ್ಕು ತನಗಿಲ್ಲವೆನ್ನಿಸಿ ಅವಳು ಅಡುಗೆಮನೆಯ ಬಾಗಿಲಿನತ್ತ ನೋಡಿದಳು.

"ನನಗೋಸ್ಕರ" ಎಂದರು ಚಿಕ್ಕಾಕೆ. ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತಿದ್ದರು. "ಅಕ್ಕ ಕಾಣ್ಲಿ ಅಂತ. ಆ ಮಗುವನ್ನ ಯಾಕೆ ಗದರಿಸ್ತೀರಿ?"

ತಮ್ಮ ಹೆಂಡತಿಯನ್ನೇ ನೋಡಿದರು. "ದಿನಾ ನೋಡ್ತೀಯಾ?"

"ದಿನಾ."

"ನಾನು ಅವತ್ತೇ ಹೇಳಿದ್ದೆ..."

"ಮಾತಾಡಬೇಡ ಅಂದಿದ್ರಿ. ಕಣ್ಣು ಮುಚ್ಕೋ ಅಂದಿರಲಿಲ್ಲ. ಕನ್ನಡಕದವರ ಹೆಂಡತಿಗೆ ಹಾಗೆ ಹೇಳೋಕೂ ಆಗಲ್ಲ ಬಿಡಿ."

ತಮ್ಮನ ತುಟಿಯ ಮೂಲೆ ಅಲುಗಿತು. ನಗು ಬರಲಿತ್ತೋ ಸಿಟ್ಟೋ ತಿಳಿಯಲಿಲ್ಲ. ಅವರು ಅಳತೆಪಟ್ಟಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತರು. ನಕ್ಷೆಯಿಂದ ತಲೆಯೆತ್ತದೆಯೇ, "ಏನು ಕಾಣುತ್ತೆ ಅಲ್ಲಿಂದ?" ಎಂದರು.

"ಅಕ್ಕ ಕಾಣ್ತಾರೆ. ಅವರ ಹಿಂದೆ ಬಾಗಿಲು, ನೀರಿನ ಕೊಡ."

"ಅಷ್ಟೇನಾ?"

"ಒಂದೊಂದ್ಸಲ ಅವರೂ ಬರ್ತಾರೆ, ನೀರು ಕುಡಿಯೋಕೆ."

"ಅವರು ಅಂದ್ರೆ?"

"ಗೊತ್ತಿದ್ದೂ ಕೇಳ್ತೀರಲ್ಲ! ನಿಮ್ಮಣ್ಣ." ಚಿಕ್ಕಾಕೆ ಕುರ್ಚಿಯ ಬೆನ್ನು ಹಿಡಿದು ನಿಂತರು. "ಈಗೀಗ ಗೋಡೆ ಹಿಡ್ಕೊಂಡು ಬರ್ತಾರೆ. ಲೋಟ ಎದುರಿಗೇ ಇದ್ರೂ ಕೈಯಾಡಿಸಿ ಹುಡುಕ್ತಾರೆ."

ಹೆಬ್ಬೆರಳು ನಿಂತಿತು. "ಯಾವ ಕಡೆಗೆ ಹುಡುಕ್ತಾನೆ?"

"ಅಂದ್ರೆ?"

"ಲೋಟ ಯಾವ ಕಡೆ ಇದ್ದಾಗ ಕಾಣಲ್ಲ ಅವನಿಗೆ? ಸರಿಯಾಗಿ ನೆನಪು ಮಾಡ್ಕೊಂಡು ಹೇಳು."

"ಬಲಗಡೆ. ಅದಕ್ಕೇ ಅಕ್ಕ ಈಗ ಎಡಗಡೆಗೇ ಇಡ್ತಾರೆ. ಬಾಗಿಲಿಗೂ ಬಲಭುಜವೇ ತಾಗೋದು, ಎರಡು ಮೂರು ಸಲ ನೋಡಿದ್ದೀನಿ."

"ಯಾವಾಗಿಂದ?"

"ಬೇಸಿಗೆ ಶುರುವಾದಾಗಿಂದ ಇರಬೇಕು."

"ಇಷ್ಟು ದಿನ ನೋಡ್ತಾ ಇದ್ದು ನನಗೊಂದು ಮಾತು ಹೇಳೋಕಾಗ್ಲಿಲ್ವಾ?"

"ಆ ಮನೆ ಸುದ್ದಿ ಎತ್ತಿದ್ರೆ ತಟ್ಟೆ ಬಿಟ್ಟು ಏಳ್ತಿದ್ರಿ. ಯಾವ ಬಾಯಲ್ಲಿ ಹೇಳ್ಲಿ?"

ತಮ್ಮ ಎದ್ದರು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಸರಿದು ನೆಲ ಗೀರಿತು. "ಅದು ಕನ್ನಡಕದಿಂದ ಸರಿಹೋಗೋ ಜಾತಿಯದ್ದಲ್ಲ. ದೃಷ್ಟಿ ಅಂಚಿಂದ ಹೋಗ್ತಾ ಬರುತ್ತೆ, ಹೋಗಿದ್ದು ವಾಪಸ್ ಬರಲ್ಲ. ಅವನಿಗೆ ಗೊತ್ತಿಲ್ಲದ್ದೇನಲ್ಲ, ಮೊಂಡ. ನಾಳೆಯೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗು ಅಂತ ಅತ್ತಿಗೆಗೆ ಹೇಳು. ಕೈಸನ್ನೆಯಲ್ಲೇ ಹೇಳು."

"ಹಲ್ಲುನೋವಾದ್ರೆ ಹೇಳಬಹುದು. ಇಷ್ಟುದ್ದ ಕಥೆ ಹೇಗೆ ಹೇಳ್ಲಿ? ನೀವೇ ಬನ್ನಿ."

ಅವರು ಎರಡು ಹೆಜ್ಜೆ ಇಟ್ಟು ಹುಡುಗಿಯತ್ತ ತಿರುಗಿದರು. "ಅದನ್ನ ಮುಚ್ಚಬೇಡ. ಸ್ವಲ್ಪ ತಾಳು, ಬಂದೆ" ಎಂದು ಹೆಂಡತಿಯ ಜೊತೆ ಅಡುಗೆಮನೆಗೆ ಹೋದರು.

ಹುಡುಗಿಗೆ ಕೂತಲ್ಲಿಂದ ಕಂಡದ್ದು ಅವರಿಬ್ಬರ ಬೆನ್ನು ಮಾತ್ರ, ಕಿಟಕಿಯಾಚೆ ಏನೂ ಕಾಣಲಿಲ್ಲ. ಎದ್ದು ಹೋಗಿ ಇಣುಕುವ ಆಸೆಯನ್ನು ಅವಳು ಎರಡೂ ಕೈಗಳಿಂದ ಮೇಜಿನಂಚು ಹಿಡಿದು ತಡೆದುಕೊಂಡಳು. ಚಿಕ್ಕಾಕೆ ಕಿಟಕಿಗೆ ಮುಖವಿಟ್ಟು ಯಾರನ್ನೋ ಕರೆಯುವಂತೆ ಜೋರಾಗಿ ಕೈ ಬೀಸಿದರು, ಆಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಅಕ್ಕ ಕರ್ಕೊಂಡು ಬಂದ್ರು" ಎಂದರು.

ಆಮೇಲೆ ತಮ್ಮ, ಅಂಗಡಿಗೆ ಬಂದ ಗಿರಾಕಿಗೆ ಹೀಗೆ ಮುಚ್ಚಿಕೊಳ್ಳಿ ಎಂದು ತೋರಿಸಿಕೊಡುವಂತೆ, ಅಂಗೈಯಿಂದ ತಮ್ಮದೊಂದು ಕಣ್ಣನ್ನು ಮುಚ್ಚಿಕೊಂಡು ನಿಂತರು. ಇನ್ನೊಂದು ಕೈಯನ್ನು ಕಿಟಕಿಯ ಮುಂದೆ ಎತ್ತಿ ಮೂರು ಬೆರಳು ತೋರಿಸಿದರು. ಕಾದರು. ಬೆರಳುಗಳನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಪಕ್ಕಕ್ಕೆ ಸರಿಸುತ್ತ ಹೋದರು. ಒಂದು ಕಡೆ ಕೈ ನಿಂತಿತು.

"ಇಲ್ಲಿ?" ಎಂದರು, ಮೊದಲ ಸಲ ಬಾಯಿಬಿಟ್ಟು, ಕಿಟಕಿಯಾಚೆಗೂ ಕೇಳುವಷ್ಟು ಗಟ್ಟಿಯಾಗಿ. "ಅಣ್ಣಾ, ಇಲ್ಲಿ ಕಾಣುತ್ತಾ?"